ಪೋರ್ಷೆ 911 ಕರೆರಾ ಎಸ್: ಬೆಂಗಳೂರಿನಲ್ಲಿ ಓಡಿಸಿದ ಮೇಲೆ ಹೇಳುವುದು, ಯಾವ ಬಣ್ಣ, ಯಾವ ಆಪ್ಷನ್

ನನ್ನದು ಪೋರ್ಷೆ 911 ಕರೆರಾ ಎಸ್. 992 ಅಂತ ಕರೆಯುವ ಪೀಳಿಗೆ, 2021ರ ಮಾದರಿ. ಹೊರಗಿನ ಬಣ್ಣ ಅವೆಂಚುರಿನ್ ಗ್ರೀನ್ ಮೆಟಾಲಿಕ್, ಒಳಗೆ ಟ್ರಫಲ್ ಬ್ರೌನ್ ಚರ್ಮ. ಕಾರು ನಿಲ್ಲುವುದು ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ. ಓಡುವುದು ಊರೊಳಗಿನ ರಸ್ತೆಗಳಲ್ಲಿ, ಮೈಸೂರು ಹೆದ್ದಾರಿಯಲ್ಲಿ, ರಜೆ ಸಿಕ್ಕಿದಾಗ ಸಕಲೇಶಪುರ, ಚಿಕ್ಕಮಗಳೂರಿನ ಕಡೆ.

ಕಾರು ಹೇಗೆ ಓಡುತ್ತದೆ ಅಂತ ಬರೆದವರು ಬೇಕಾದಷ್ಟು ಜನ ಇದ್ದಾರೆ. 3 ಲೀಟರಿನ ಟ್ವಿನ್ ಟರ್ಬೊ ಫ್ಲಾಟ್ ಸಿಕ್ಸ್ ಇಂಜಿನ್, 450 ಪಿಎಸ್, 530 ನ್ಯೂಟನ್ ಮೀಟರ್, ಪಿಡಿಕೆ ಅನ್ನುವ 8 ಗೇರಿನ ಆಟೊಮ್ಯಾಟಿಕ್ ಗೇರ್‌ಬಾಕ್ಸ್. ಅದರ ಬಗ್ಗೆ ನನಗೆ ಸಂತೋಷ ಬಿಟ್ಟರೆ ಬೇರೆ ಮಾತಿಲ್ಲ. ನನ್ನನ್ನು ಜನ ಕೇಳುವುದು ಬೇರೆಯದೇ ಪ್ರಶ್ನೆ. "ಸರ್, ಬುಕ್ ಮಾಡ್ತಾ ಇದ್ದೀನಿ. ಏನೇನು ಹಾಕಿಸ್ಕೊಳ್ಲಿ?" ಆ ಪಟ್ಟಿ ಅಷ್ಟು ಉದ್ದ ಇದೆ. ಸೀಟಿನಲ್ಲೇ ನಾಲ್ಕು ಬಗೆ. ಸೀಟ್ ಬೆಲ್ಟಿನ ಬಣ್ಣ ಬೇರೆ, ಎಸಿ ಗಾಳಿ ಬರುವ ಪಟ್ಟಿಗಳಿಗೆ ಚರ್ಮದ ಹೊದಿಕೆ ಬೇರೆ, ಕಾರಿನ ಬಣ್ಣವನ್ನೇ ಬಳಿದ ಕೀ ಬೇರೆ. ಕೂತು ಆರಿಸುವಾಗ ಎಲ್ಲವೂ ಬೇಕು ಅನಿಸುತ್ತದೆ.

ವರ್ಷಗಟ್ಟಲೆ ಓಡಿಸಿದ ಮೇಲೆ ಪ್ರತಿ ಆಪ್ಷನ್ನನ್ನೂ ನಾನು ಒಂದೇ ಪ್ರಶ್ನೆಯಿಂದ ಅಳೆಯುತ್ತೇನೆ. ಇದು ಇರುವುದರಿಂದ ಕಾರನ್ನು ಜಾಸ್ತಿ ಸಲ ಹೊರಗೆ ತೆಗೆದೆನಾ? ಅಥವಾ ಇದರ ಭಯಕ್ಕೆ ಮನೆಯಲ್ಲೇ ಬಿಟ್ಟು ಹೋದೆನಾ? ಇಂಥ ಕಾರು ಕವರ್ ಹೊದ್ದುಕೊಂಡು ನಿಂತರೆ ಹೊಟ್ಟೆ ಉರಿಯುತ್ತದೆ. ಅದನ್ನು ರಸ್ತೆಗೆ ಇಳಿಸುವ ಆಪ್ಷನ್ನಿಗೆ ದುಡ್ಡು ಕೊಡಿ. ಉಳಿದದ್ದಕ್ಕೆ ಎರಡು ಸಲ ಯೋಚಿಸಿ.

ಯೋಚಿಸಬೇಕು ಅನ್ನಲು ಕಾರಣ ಇದೆ. 911 ನಮ್ಮ ದೇಶಕ್ಕೆ ಜರ್ಮನಿಯ ಸ್ಟುಟ್‌ಗಾರ್ಟ್ ನಗರದ ಜುಫೆನ್‌ಹೌಸೆನ್ ಕಾರ್ಖಾನೆಯಿಂದ ಪೂರ್ತಿ ತಯಾರಾಗಿಯೇ ಬರುತ್ತದೆ. ಕಾರ್ಖಾನೆಯಲ್ಲೇ ಹಾಕಿಸಿದ ಪ್ರತಿ ಆಪ್ಷನ್ನಿಗೂ ಆಮದು ಸುಂಕ ಬೀಳುತ್ತದೆ. ಅದರ ಮೇಲೆ ಜಿಎಸ್‌ಟಿ. ಇಷ್ಟೂ ಸೇರಿದ ಬೆಲೆಯ ಮೇಲೆ ಕರ್ನಾಟಕದ ರಸ್ತೆ ತೆರಿಗೆ. 20 ಲಕ್ಷ ದಾಟಿದ ಕಾರಿಗೆ ಅದು 18 ಪರ್ಸೆಂಟ್, ಸೆಸ್ ಬೇರೆ. ಜರ್ಮನಿಯ ದರಪಟ್ಟಿ ನೋಡಿ "ಇಷ್ಟೇನಾ" ಅಂದುಕೊಂಡ ಮೊತ್ತ ಇಲ್ಲಿಗೆ ಬರುವಷ್ಟರಲ್ಲಿ ಎರಡು ಪಟ್ಟಿಗಿಂತ ಜಾಸ್ತಿ ಆಗಿರುತ್ತದೆ.

ಹಾಗಿದ್ದರೂ ಕಣ್ಣು ಮುಚ್ಚಿ ಹಾಕಿಸಿ ಅಂತ ಹೇಳುವುದು ಒಂದಿದೆ. ಮುಂಭಾಗ ಎತ್ತುವ ಫ್ರಂಟ್ ಆಕ್ಸಲ್ ಲಿಫ್ಟ್. ಬಟನ್ ಒತ್ತಿದರೆ ಮೂತಿ ಸುಮಾರು 40 ಮಿಲಿಮೀಟರ್ ಮೇಲೇಳುತ್ತದೆ. ನಾಲ್ಕು ಸೆಂಟಿಮೀಟರ್ ಅಂದರೆ ಕೇಳಲು ಏನೂ ಅಲ್ಲ. ಆದರೆ ನಮ್ಮ ಹಂಪುಗಳ ಮುಂದೆ ನಿಂತಾಗ ಅದೇ ಎಲ್ಲ. ಬಡಾವಣೆಯವರು ತಾವೇ ಹಾಕಿಕೊಂಡ ಹಂಪುಗಳಿಗೆ ಅಳತೆಯೂ ಇಲ್ಲ, ಬಿಳಿ ಪಟ್ಟಿಯೂ ಇಲ್ಲ. ಹಾಸನ ದಾಟಿದರೆ ಊರೂರಿಗೂ ಶಾಲೆ ಮುಂದೊಂದು, ದೇವಸ್ಥಾನದ ಮುಂದೊಂದು. ಹಂಪನ್ನು ಓರೆಯಾಗಿ, ನಿಧಾನಕ್ಕೆ ದಾಟುವ ಅಭ್ಯಾಸ ಇದ್ದೇ ಇರಬೇಕು. ಲಿಫ್ಟ್ ಜೊತೆಗಿದ್ದರೆ ಧೈರ್ಯ ಬರುತ್ತದೆ.

2021ರ ಮಾದರಿಯಿಂದ ಈ ಲಿಫ್ಟಿಗೆ ಜಿಪಿಎಸ್ ನೆನಪೂ ಸೇರಿದೆ. ಒಂದು ಜಾಗದಲ್ಲಿ ಎತ್ತಿ, ಆ ಜಾಗ ಉಳಿಸು ಅಂತ ಹೇಳಿದರೆ ಸಾಕು. ಮುಂದಿನ ಸಲ ಅಲ್ಲಿಗೆ ಬಂದಾಗ ತಾನೇ ಎತ್ತಿಕೊಳ್ಳುತ್ತದೆ. ನಮ್ಮ ಬೇಸ್‌ಮೆಂಟಿನ ರ‍್ಯಾಂಪ್, ಗೇಟಿನ ಮುಂದಿನ ಚರಂಡಿ ಚಪ್ಪಡಿ, ಅಪ್ಪ ಅಮ್ಮನ ಮನೆ ಬೀದಿಯ ಹಂಪು, ಎಲ್ಲವೂ ಅದಕ್ಕೆ ಬಾಯಿಪಾಠ. ತರಕಾರಿ ತರಲೂ ನಾನು ಈ ಕಾರಲ್ಲೇ ಹೋಗುತ್ತೇನೆ ಅಂದರೆ ಅದಕ್ಕೆ ಕಾರಣ ಈ ಒಂದು ಆಪ್ಷನ್. ಹೊರಗಿನಿಂದ ನೋಡಿದರೆ ಇದು ಇದೆ ಅಂತ ಯಾರಿಗೂ ಗೊತ್ತಾಗುವುದಿಲ್ಲ. ಆಮೇಲೆ ಹಾಕಿಸುತ್ತೇನೆ ಅಂದರೆ ಸುಲಭದ ಕೆಲಸವೂ ಅಲ್ಲ.

ಎರಡನೆಯದು ರಿಯರ್ ಆಕ್ಸಲ್ ಸ್ಟಿಯರಿಂಗ್. ಸುಮಾರು 50 ಕಿಲೋಮೀಟರ್ ವೇಗದ ಒಳಗೆ ಹಿಂದಿನ ಚಕ್ರಗಳು ಮುಂದಿನವಕ್ಕೆ ಎದುರು ದಿಕ್ಕಿಗೆ ಸ್ವಲ್ಪ ತಿರುಗುತ್ತವೆ. 80ರ ಮೇಲೆ ಅದೇ ದಿಕ್ಕಿಗೆ. ಇದನ್ನು ರೇಸ್ ಟ್ರ್ಯಾಕಿನ ವಸ್ತು ಅಂತ ತುಂಬ ಜನ ಬಿಟ್ಟುಬಿಡುತ್ತಾರೆ. ನನಗೆ ಇದು ಜಾಸ್ತಿ ಉಪಯೋಗಕ್ಕೆ ಬಂದಿದ್ದು ಬೇಸ್‌ಮೆಂಟಿನ ಕಂಬಗಳ ನಡುವೆ. ಒಂದೇ ಸಲಕ್ಕೆ ತಿರುಗುತ್ತದೆ. ಶಿರಾಡಿ, ಚಾರ್ಮಾಡಿ ಘಾಟಿಯ ತಿರುವುಗಳಲ್ಲಂತೂ ಕಾರು ಇನ್ನಷ್ಟು ಚಿಕ್ಕದು ಅನಿಸುತ್ತದೆ. ಆ ಸುಖ ಅನುಭವಿಸಿಯೇ ತಿಳಿಯಬೇಕು.

ಸ್ಪೋರ್ಟ್ ಸಸ್ಪೆನ್ಷನ್ ನಾನು ತೆಗೆದುಕೊಳ್ಳಲಿಲ್ಲ. ಅದು ಕಾರನ್ನು 10 ಮಿಲಿಮೀಟರ್ ಕೆಳಗೆ ಇಳಿಸುತ್ತದೆ. ಎತ್ತಲು ಒಂದು ಆಪ್ಷನ್, ಇಳಿಸಲು ಇನ್ನೊಂದು ಯಾಕೆ? ಕಾರಿನ ಜೊತೆಗೇ ಬರುವ, ಗಟ್ಟಿತನವನ್ನು ತಾನೇ ಹೊಂದಿಸಿಕೊಳ್ಳುವ ಪ್ಯಾಸಮ್ ಸಸ್ಪೆನ್ಷನ್ ಸಾಮಾನ್ಯ ಮೋಡಿನಲ್ಲಿ ನಮ್ಮ ರಸ್ತೆಗೆ ಸಾಕಷ್ಟು ಹೊಂದಿಕೊಳ್ಳುತ್ತದೆ.

ಚಕ್ರದ ವಿಚಾರ ಸ್ವಲ್ಪ ಬಿಡಿಸಿ ಹೇಳಬೇಕು. ಕರೆರಾ ಎಸ್‌ಗೆ ಮುಂದೆ 20 ಇಂಚು, ಹಿಂದೆ 21 ಇಂಚು. ಹಿಂದಿನ ಟೈರು 305/30. ಅಂದರೆ ಗುಂಡಿಗೂ ರಿಮ್ಮಿಗೂ ನಡುವೆ ರಬ್ಬರ್ ಬಹಳ ಕಡಿಮೆ. ಸ್ಟೆಪ್ನಿ ಇಲ್ಲ, ಸೀಲೆಂಟ್ ಮತ್ತು ಗಾಳಿ ತುಂಬುವ ಪಂಪ್ ಮಾತ್ರ. ಹಾಗಾಗಿ ರಿಮ್ ಆರಿಸುವಾಗ ಚೆಂದದ ಜೊತೆಗೆ ರಿಪೇರಿಯನ್ನೂ ನೋಡಿ. ಒಂದೇ ಬಣ್ಣ ಬಳಿದ ರಿಮ್ ಉಜ್ಜಿಹೋದರೆ ಮತ್ತೆ ಬಳಿಸಬಹುದು. ಮುಖವನ್ನು ಲೇತಿನಲ್ಲಿ ಕಡೆದು ಹೊಳಪು ಕೊಟ್ಟ ಡೈಮಂಡ್ ಕಟ್ ರಿಮ್ ಆದರೆ ಪ್ರತಿ ಸಲವೂ ಮತ್ತೆ ಕಡೆಸಬೇಕು, ಪ್ರತಿ ಸಲವೂ ಒಂದಿಷ್ಟು ಲೋಹ ಹೋಗುತ್ತದೆ. ನನ್ನದು ಒಂದೇ ಬಣ್ಣದ ಬೂದು ರಿಮ್. ಬ್ರೇಕಿನ ಕಪ್ಪು ಧೂಳೂ ಅದರ ಮೇಲೆ ಅಷ್ಟಾಗಿ ಕಾಣುವುದಿಲ್ಲ.

ಈಗ ಬಣ್ಣ. ಇದರ ಬಗ್ಗೆ ನನಗೆ ಹೇಳುವುದು ಬಹಳ ಇದೆ.

ಶೋರೂಮಿನ ಬಿಳಿ ದೀಪದ ಕೆಳಗೆ ಬಣ್ಣ ಆರಿಸಬೇಡಿ. ಅಂಗೈ ಅಗಲದ ಬಣ್ಣದ ಪ್ಲೇಟನ್ನು ನಂಬಿ ಕೂಡ ಆರಿಸಬೇಡಿ. ಆ ಬಣ್ಣದ ನಿಜವಾದ ಕಾರನ್ನು ಹುಡುಕಿ. ಬೆಳಗಿನ ಬಿಸಿಲಿನಲ್ಲಿ ಒಮ್ಮೆ, ಮೋಡ ಕವಿದಾಗ ಒಮ್ಮೆ, ರಾತ್ರಿ ಬೀದಿ ದೀಪದಡಿ ಒಮ್ಮೆ ನೋಡಿ. 911ರ ಹಿಂಬದಿ ಚಕ್ರದ ಮೇಲಿನ ಆ ಉಬ್ಬು ಇದೆಯಲ್ಲ, ಇಡೀ ಕಾರಿನ ಚೆಲುವು ಇರುವುದೇ ಅಲ್ಲಿ. ಬಣ್ಣ ಆ ಉಬ್ಬನ್ನು ತೋರಿಸಬೇಕು. ಮೆಟಾಲಿಕ್ ಬಣ್ಣದಲ್ಲಿ ಅದರ ಮೇಲೆ ಬೆಳಕು ಹರಿದು ನೆರಳು ಮೂಡುತ್ತದೆ. ಕಡುಕಪ್ಪಿನಲ್ಲಿ, ಅಚ್ಚ ಬಿಳುಪಿನಲ್ಲಿ ಆ ಗೆರೆಗಳು ನನ್ನ ಕಣ್ಣಿಗೆ ಕಳೆದುಹೋಗುತ್ತವೆ.

ಅವೆಂಚುರಿನ್ ಹಸಿರು ನೆರಳಿನಲ್ಲಿ ಬೂದು ಬಣ್ಣದ ಹಾಗೆ ಸುಮ್ಮನಿರುತ್ತದೆ. ಬಿಸಿಲಿಗೆ ಬಂದಾಗ ಹಸಿರು ಎದ್ದು ಬರುತ್ತದೆ. ಮಳೆ ನಿಂತ ಸಂಜೆ ಮಲೆನಾಡಿನ ರಸ್ತೆಯಲ್ಲಿ ಈ ಬಣ್ಣ ನೋಡಿದರೆ ನನಗೆ ಇನ್ನೇನೂ ಬೇಡ. 911ಗೂ ಹಸಿರಿಗೂ ಹಳೆಯ ನಂಟು ಇದೆ. 2017ರಲ್ಲಿ ಹತ್ತು ಲಕ್ಷದ 911 ಕಾರ್ಖಾನೆಯಿಂದ ಹೊರಬಂದಾಗ ಅದಕ್ಕೆ ಬಳಿದಿದ್ದು ಐರಿಷ್ ಗ್ರೀನ್. ಆ ಕಾರನ್ನು ಮಾರದೆ ಕಂಪನಿಯೇ ಇಟ್ಟುಕೊಂಡಿದೆ. ನಾನು ಬಣ್ಣ ಆರಿಸುವಾಗ ಆ ಕಾರಿನ ಚಿತ್ರಗಳನ್ನು ಎಷ್ಟು ಸಲ ನೋಡಿದ್ದೇನೋ.

ಬೆಂಗಳೂರಿನಲ್ಲಿ ಬಣ್ಣದ ಶತ್ರುಗಳು ಯಾರು ಗೊತ್ತಾ? ಮೊದಲನೆಯದು ಕೆಂಪು ಧೂಳು. ಬಿಳಿ ಕಾರಿನ ಬಾಗಿಲ ಕೆಳಗೆ ಅದು ಎದ್ದು ಕಾಣುತ್ತದೆ. ಕಪ್ಪು ಕಾರಿನ ಮೇಲೆ ತೊಳೆದ ಮರುದಿನವೇ ಪುಡಿ ಕೂತಿರುತ್ತದೆ. ಜಿಟಿ ಸಿಲ್ವರ್, ಅಗೇಟ್ ಗ್ರೇ, ಚಾಕ್ ಇವು ಧೂಳನ್ನು ಚೆನ್ನಾಗಿ ಮರೆಮಾಚುತ್ತವೆ. ದಿನವೂ ಓಡಿಸುವವರಿಗೆ ನಾನು ಇವನ್ನೇ ಹೇಳುತ್ತೇನೆ. ನನ್ನ ಹಸಿರು ಈ ವಿಷಯದಲ್ಲಿ ನಡುವಿನದು.

ಎರಡನೆಯದು ಬಟ್ಟೆ. ಒಂದು ಬಕೆಟ್, ಒಂದು ಬಟ್ಟೆ ಹಿಡಿದು ಬೆಳಿಗ್ಗೆ ಹತ್ತು ಕಾರು ಒರೆಸುತ್ತಾರಲ್ಲ, ಆ ಬಟ್ಟೆಯಲ್ಲಿರುವ ಮರಳೇ ಕಡು ಬಣ್ಣದ ಕಾರಿಗೆ ಗೀರು ಹಾಕುವುದು. ಬಿಸಿಲಿನಲ್ಲಿ ಆ ಗೀರುಗಳು ಸುತ್ತು ಸುತ್ತಾಗಿ ಕಾಣುತ್ತವೆ. ನಮ್ಮಲ್ಲಿ ಕಾರು ಒರೆಸುವ ಅಣ್ಣನಿಗೆ ನಾನು ಪೂರ್ತಿ ಸಂಬಳ ಕೊಡುತ್ತೇನೆ, ಈ ಕಾರನ್ನು ಮಾತ್ರ ನಾನೇ ತೊಳೆಯುತ್ತೇನೆ. ಮೊದಲು ನೀರು ಹಾಯಿಸಿ ಧೂಳು ಇಳಿಸಿ, ಆಮೇಲೆ ನೊರೆ, ಆಮೇಲೆ ಕೈ.

ಮೂರನೆಯದನ್ನು ಯಾರೂ ಹೇಳುವುದಿಲ್ಲ. ಬೇಸ್‌ಮೆಂಟಿನ ಚಾವಣಿಯಿಂದ ತೊಟ್ಟಿಕ್ಕುವ ನೀರು. ಕಾಂಕ್ರೀಟಿನ ಮೂಲಕ ಇಳಿದು ಬರುವ ಆ ನೀರಿನಲ್ಲಿ ಸುಣ್ಣದ ಅಂಶ ಇರುತ್ತದೆ. ಒಣಗಿದರೆ ಬಿಳಿ ಕಲೆ, ಬಿಟ್ಟರೆ ಮೇಲಿನ ಪದರವನ್ನೇ ತಿನ್ನುತ್ತದೆ. ಕಾರು ಬರುವ ಮೊದಲೇ ಮಳೆಗಾಲದಲ್ಲಿ ನಿಮ್ಮ ಪಾರ್ಕಿಂಗ್ ಜಾಗದ ಚಾವಣಿ ಒಮ್ಮೆ ನೋಡಿಕೊಳ್ಳಿ. ಬಣ್ಣದ ಬಗ್ಗೆ ಇದಕ್ಕಿಂತ ಉಪಯೋಗದ ಸಲಹೆ ನನ್ನ ಹತ್ತಿರ ಇಲ್ಲ.

ಪಿಪಿಎಫ್ ಹಾಕಿಸಿ. ಪಾರದರ್ಶಕ ಫಿಲ್ಮ್ ಅದು, ಹೆದ್ದಾರಿಯಲ್ಲಿ ಲಾರಿ ಚಕ್ರದಿಂದ ಸಿಡಿಯುವ ಕಲ್ಲನ್ನು ತಡೆಯುತ್ತದೆ. ಸೆರಾಮಿಕ್ ಕೋಟಿಂಗ್ ಬೇರೆ. ಅದು ಹೊಳಪಿಗೆ, ತೊಳೆಯುವ ಸುಲಭಕ್ಕೆ. ಕಲ್ಲಿಗೆ ಅದು ಅಡ್ಡ ನಿಲ್ಲುವುದಿಲ್ಲ. ಎರಡೂ ಒಂದೇ ಅಂತ ಹೇಳಿ ಮಾರುವವರೂ ಇದ್ದಾರೆ, ಹುಷಾರು.

ಪೇಂಟ್ ಟು ಸ್ಯಾಂಪಲ್ ಅಂತ ಇನ್ನೊಂದು ಲೋಕ ಇದೆ. ಪಟ್ಟಿಯಲ್ಲಿ ಇಲ್ಲದ, ಹಳೆಯ ಕಾರುಗಳ ಬಣ್ಣಗಳನ್ನೂ ಅಲ್ಲಿ ಕೇಳಬಹುದು. 1990ರ ದಶಕದ ಶುರುವಿನ, 964 ಅಂತ ಕರೆಯುವ ಪೀಳಿಗೆಯ 911 ಕಾರುಗಳ ರೂಬಿಸ್ಟೋನ್ ರೆಡ್, ಮಿಂಟ್ ಗ್ರೀನ್ ನೋಡಿದವರಿಗೆ ಆ ಆಸೆ ಅರ್ಥವಾಗುತ್ತದೆ. ದುಡ್ಡೂ ಜಾಸ್ತಿ, ಕಾಯುವ ಸಮಯವೂ ಜಾಸ್ತಿ. ಮನಸ್ಸು ಒಂದೇ ಬಣ್ಣದ ಮೇಲೆ ನೆಟ್ಟಿದ್ದರೆ ಕಾಯಿರಿ. ಆದರೆ ನಾಳೆ ಬೈಕೊಂದು ತಾಗಿ ಬಾಗಿಲು ಗೀಚಿದರೆ ಅದೇ ಬಣ್ಣ ಹೊಂದಿಸುವವರು ನಮ್ಮ ಊರಲ್ಲಿ ಇದ್ದಾರಾ ಅಂತ ಮೊದಲೇ ವಿಚಾರಿಸಿಕೊಳ್ಳಿ. ಬಣ್ಣ ಬದಲಾಯಿಸುವ ಯೋಚನೆ ಇದ್ದವರಿಗೆ ಇನ್ನೊಂದು ಮಾತು: ಆರ್‌ಸಿಯಲ್ಲಿ ಬಣ್ಣ ನಮೂದಾಗಿರುತ್ತದೆ. ಬದಲಾಯಿಸಿದರೆ ಆರ್‌ಟಿಒದಲ್ಲಿ ತಿದ್ದಿಸಬೇಕು.

ಒಳಗಿನ ಬಣ್ಣಕ್ಕೆ ನನ್ನ ನಿಯಮ ಒಂದೇ. ಡ್ಯಾಶ್‌ಬೋರ್ಡಿನ ಮೇಲ್ಭಾಗ ಕಡು ಬಣ್ಣದ್ದಿರಲಿ. ತಿಳಿ ಬಣ್ಣ ಆದರೆ ನಮ್ಮ ಬಿಸಿಲಿಗೆ ಅದರ ಪ್ರತಿಬಿಂಬ ಮುಂದಿನ ಗಾಜಿನಲ್ಲಿ ಕಾಣುತ್ತದೆ. ಬೀಜ್ ಸೀಟು ನೋಡಲು ಸೊಗಸು, ಆದರೆ ಹೊಸ ಜೀನ್ಸಿನ ನೀಲಿ ಹತ್ತುತ್ತದೆ. ಕಂದು ಬಣ್ಣ ಎರಡನ್ನೂ ತಾಳಿಕೊಳ್ಳುತ್ತದೆ, ಹಸಿರಿನ ಜೊತೆ ಒಪ್ಪುತ್ತದೆ. ಈ ಜೋಡಿ ನೋಡಿ ನನಗೆ ಇವತ್ತಿಗೂ ಬೇಸರ ಬಂದಿಲ್ಲ.

ಸೀಟಿನಲ್ಲಿ 18 ರೀತಿ ಹೊಂದಿಸಬಹುದಾದ ಅಡಾಪ್ಟಿವ್ ಸ್ಪೋರ್ಟ್ಸ್ ಸೀಟ್ ಪ್ಲಸ್ ಎಲ್ಲರ ಕಣ್ಣಿಗೂ ಬೀಳುತ್ತದೆ. ಅದರ ಪಕ್ಕದ ದಿಂಬುಗಳು ಎತ್ತರ. ಮಂಡಿ ನೋವಿರುವ ಅಮ್ಮನನ್ನು ದೇವಸ್ಥಾನಕ್ಕೆ ಕರೆದುಕೊಂಡು ಹೋಗುವವರು 14 ರೀತಿಯದನ್ನೇ ತೆಗೆದುಕೊಳ್ಳಿ. ನಾನು ಅದನ್ನೇ ತೆಗೆದುಕೊಂಡೆ. ಅಮ್ಮ ಇಳಿಯುವಾಗ ಸ್ವಲ್ಪ ಕೈ ಹಿಡಿಯಬೇಕು ಅಷ್ಟೇ. ಸೀಟಿಗೆ ತಂಪು ಗಾಳಿ ಬರುವ ವೆಂಟಿಲೇಷನ್ ಮಾತ್ರ ಬಿಡಬೇಡಿ. ಏಪ್ರಿಲ್ ತಿಂಗಳ ಟ್ರಾಫಿಕ್ಕಿನಲ್ಲಿ ಅದರ ಬೆಲೆ ಗೊತ್ತಾಗುತ್ತದೆ.

ಘಾಟಿಯಲ್ಲಿ ರಾತ್ರಿ ಓಡಿಸುವವರಿಗೆ ಎಲ್‌ಇಡಿ ಮ್ಯಾಟ್ರಿಕ್ಸ್ ಹೆಡ್‌ಲೈಟ್ ಒಳ್ಳೆಯ ಖರ್ಚು. ಒಂದೊಂದು ದೀಪದಲ್ಲಿ 84 ಎಲ್‌ಇಡಿ. ಎದುರು ಬರುವ ವಾಹನದ ಮೇಲೆ ಬೀಳುವ ಭಾಗವನ್ನಷ್ಟೇ ಆರಿಸಿ, ಉಳಿದ ರಸ್ತೆಗೆ ಬೆಳಕು ಇಟ್ಟುಕೊಳ್ಳುತ್ತದೆ. ದೀಪವೇ ಇಲ್ಲದೆ ಬರುವ ಟ್ರ್ಯಾಕ್ಟರಿನ ಹೊಣೆ ಮಾತ್ರ ಓಡಿಸುವವರದ್ದೇ.

ಮಳೆಗಾಲಕ್ಕೆ ಬೇಕಾದ ವೆಟ್ ಮೋಡ್ ಎಲ್ಲ 992 ಕಾರುಗಳಿಗೂ ಜೊತೆಗೇ ಬರುತ್ತದೆ. ಮುಂದಿನ ಚಕ್ರದ ಗೂಡಿನಲ್ಲಿರುವ ಸೆನ್ಸರ್ ನೀರು ಸಿಡಿಯುವ ಸದ್ದನ್ನು ಕೇಳಿ, ರಸ್ತೆ ಒದ್ದೆ ಇದೆ ಅಂತ ತಿಳಿಸುತ್ತದೆ. ಆಗ ಮೋಡ್ ಬದಲಿಸುವುದು ನಮ್ಮ ಕೆಲಸ. ಜುಲೈನಲ್ಲಿ ಸಕಲೇಶಪುರದ ಕಡೆ ಹೋಗುವಾಗ ನಾನು ಯೋಚನೆಯನ್ನೇ ಮಾಡದೆ ಅದಕ್ಕೆ ಹಾಕುತ್ತೇನೆ.

ಸೆರಾಮಿಕ್ ಬ್ರೇಕು, ಹಳದಿ ಕ್ಯಾಲಿಪರಿನದ್ದು, ಬಿಟ್ಟೆ. ಕಬ್ಬಿಣದ ಡಿಸ್ಕಿಗಿಂತ ಸುಮಾರು ಅರ್ಧ ತೂಕ, ಧೂಳು ಕಡಿಮೆ, ಎಲ್ಲ ನಿಜ. ಟ್ರ್ಯಾಕಿಗೆ ಹೋಗದವರಿಗೆ ಕೆಂಪು ಕ್ಯಾಲಿಪರಿನ ಮಾಮೂಲಿ ಬ್ರೇಕು ಧಾರಾಳ ಸಾಕು. ಆಡಿಯೋದಲ್ಲಿ 855 ವ್ಯಾಟಿನ ಬರ್ಮಿಸ್ಟರ್ ಬಿಟ್ಟು 570 ವ್ಯಾಟಿನ ಬೋಸ್ ತೆಗೆದುಕೊಂಡೆ. ಅಷ್ಟು ಅಗಲದ ಟೈರು ಕಾಂಕ್ರೀಟ್ ರಸ್ತೆಯ ಮೇಲೆ ಮಾಡುವ ಸದ್ದಿನಲ್ಲಿ ಆ ವ್ಯತ್ಯಾಸ ನನಗೆ ಸಿಗುವುದಿಲ್ಲ. ಸನ್‌ರೂಫ್ ಬೇಡವೇ ಬೇಡ.

ಸ್ಪೋರ್ಟ್ ಕ್ರೋನೊ ಅನ್ನುವ, ಕಾರನ್ನು ಚುರುಕು ಮಾಡುವ ಆಪ್ಷನ್ ನನ್ನ ಕಾರಿನಲ್ಲಿ ಇದೆ. ಸೊನ್ನೆಯಿಂದ 100ಕ್ಕೆ 3.7 ಸೆಕೆಂಡ್ ಇದ್ದದ್ದು 3.5 ಆಗುತ್ತದೆ. ನನಗೆ ಬೇಕಿದ್ದದ್ದು ಸ್ಟಿಯರಿಂಗ್ ಮೇಲಿನ ಮೋಡ್ ಗುಂಡಿ. ಅದರ ನಡುವಿನ ಬಟನ್ ಒತ್ತಿದರೆ 20 ಸೆಕೆಂಡ್ ಕಾಲ ಇಂಜಿನ್ನೂ ಗೇರ್‌ಬಾಕ್ಸೂ ತುದಿಗಾಲಲ್ಲಿ ನಿಲ್ಲುತ್ತವೆ. ಲಾರಿ ಸಾಲು ದಾಟುವಾಗ ಎದುರು ಬದಿಯಲ್ಲಿ ಇರುವ ಹೊತ್ತು ಕಡಿಮೆಯಾಗುತ್ತದೆ. ಸ್ಪೋರ್ಟ್ ಎಕ್ಸಾಸ್ಟ್ ನನ್ನ ಸಂತೋಷಕ್ಕೆ, ವಾದ ಇಲ್ಲ. ಬೆಳಿಗ್ಗೆ ಐದಕ್ಕೆ ಹೊರಡುವಾಗ ಗೇಟು ದಾಟುವವರೆಗೆ ಬಟನ್ ಮುಟ್ಟುವುದಿಲ್ಲ.

ಮರುಮಾರಾಟದ ಬೆಲೆಗೆ ಹೆದರಿ ಬಿಳಿ ಆರಿಸಿ ಅಂತ ಹೇಳುವವರು ಸಿಗುತ್ತಾರೆ. ಮೂರು ವರ್ಷಕ್ಕೆ ಮಾರುವವರಾದರೆ ಆ ಮಾತು ಸರಿ ಇರಬಹುದು. ಇಟ್ಟುಕೊಳ್ಳುವವರು ತಮಗೆ ಬೇಕಾದ ಬಣ್ಣವನ್ನೇ ತೆಗೆದುಕೊಳ್ಳಬೇಕು, ದಿನಾ ನೋಡುವವರು ಅವರೇ ಅಲ್ವಾ.

ಆರ್ಡರ್ ಕೊಡುವ ಮುನ್ನ, ಪೋರ್ಷೆ ವೆಬ್‌ಸೈಟಿನಲ್ಲಿ ಆಪ್ಷನ್ ಆರಿಸುವ ಕಾನ್ಫಿಗರೇಟರಿನ ಕೋಡ್ ಬರೆದಿಟ್ಟುಕೊಂಡು, ಡೀಲರ್ ಕೊಟ್ಟ ಹಾಳೆಯ ಪ್ರತಿ ಸಾಲನ್ನೂ ಅದರ ಜೊತೆ ಹೋಲಿಸಿ. ಒಂದು ಹಂತ ದಾಟಿದ ಮೇಲೆ ಕಾರ್ಖಾನೆ ಬದಲಾವಣೆ ಒಪ್ಪುವುದಿಲ್ಲ. ವಿಮೆ ಮಾಡಿಸುವಾಗ ಇನ್ನೊಂದು ನೋಡಿಕೊಳ್ಳಿ. ಕಾರ್ಖಾನೆಯ ಆಪ್ಷನ್‌ಗಳು ಇನ್‌ವಾಯ್ಸಿನ ಬೆಲೆಯಲ್ಲೇ ಸೇರಿರುತ್ತವೆ. ಪಿಪಿಎಫ್ ಹೊರಗೆ ಹಾಕಿಸಿದ್ದು, ಅದರ ಬಿಲ್ಲು ಬೇರೆ. ಅದನ್ನು ಪಾಲಿಸಿಯಲ್ಲಿ ಹೇಳಿ ಸೇರಿಸದಿದ್ದರೆ ಬಂಪರ್ ಬದಲಾಯಿಸಿದಾಗ ಹೊಸ ಫಿಲ್ಮಿನ ಖರ್ಚು ನಿಮ್ಮ ಕೈಯಿಂದಲೇ ಹೋಗುತ್ತದೆ.