ಕೊಟೇಶನ್‌ನಲ್ಲಿ ‘ಮಾಡ್‌ಬಸ್ ಇದೆ’ ಅಂದ ಮಾತ್ರಕ್ಕೆ ಆರ್ಡರ್ ಕೊಡಬೇಡಿ

ಮಾಡ್‌ಬಸ್ ಅಂದರೆ ಯಂತ್ರ, ಕಂಟ್ರೋಲರ್‌ಗಳು ಒಂದೇ ಲೈನ್‌ನಲ್ಲಿ ಮಾತಾಡಿಕೊಳ್ಳುವ ಭಾಷೆ. ಕೊಟೇಶನ್‌ನಲ್ಲಿ ಅದರ ಹೆಸರಿದ್ದರೆ ಸಾಲದು, ಲೈನ್ ಹೇಗೆ ಎಳೆಯುತ್ತಾರೆ ಅಂತಲೂ ಕೇಳಬೇಕು. ಹಾಸನದ ಹೊರವಲಯದ ಒಂದು ಕಾಫಿ ಕ್ಯೂರಿಂಗ್ ಘಟಕದಲ್ಲಿ ಸೀಸನ್ ಪೂರ್ತಿ ಒಂದೇ ರಗಳೆ. ಡ್ರೈಯರ್‌ನ ಬ್ಲೋವರ್ ಶುರುವಾದ ಕೂಡಲೇ ಪರದೆ ಮೇಲೆ ‘ಕಮ್ಯುನಿಕೇಶನ್ ಫಾಲ್ಟ್’. ಪಿಎಲ್‌ಸಿ (ಯಂತ್ರಗಳನ್ನು ನಡೆಸುವ ಕಂಟ್ರೋಲ್ ಕಂಪ್ಯೂಟರ್) ಹೋಗಿದೆ ಅಂತ ಎರಡು ಸಲ ಕಾರ್ಡ್ ಬದಲಿಸಿದ್ದಾಯ್ತು. ಕಾರ್ಡ್ ಚೆನ್ನಾಗೇ ಇತ್ತು.

ಅಲ್ಲಿದ್ದದ್ದು 14 ವಿಎಫ್‌ಡಿ (ಮೋಟರ್ ವೇಗ ಬದಲಿಸುವ ಡ್ರೈವ್), 6 ಟೆಂಪರೇಚರ್ ಕಂಟ್ರೋಲರ್, ಎಲ್ಲಾ ಒಂದೇ ಆರ್‌ಎಸ್-485 (ಎರಡು ತಂತಿಯಲ್ಲಿ ಸಿಗ್ನಲ್ ಕಳಿಸುವ) ಲೈನ್‌ನಲ್ಲಿ, ಮಾಡ್‌ಬಸ್ ಆರ್‌ಟಿಯು, 9600 ಬಾಡ್ (ಸೆಕೆಂಡಿಗೆ 9600 ಬಿಟ್). ಲೆಕ್ಕಕ್ಕೆ ತಪ್ಪಿಲ್ಲ: ಮಾಮೂಲಿ 32 ಸಾಧನ, ಕಡಿಮೆ ವೇಗದಲ್ಲಿ 1200 ಮೀಟರ್‌ವರೆಗೆ ನಡೆಯುತ್ತದೆ. ಎಡವಟ್ಟಾಗಿದ್ದು ವೈರಿಂಗ್‌ನಲ್ಲಿ. ಮನೆಗೆ ಲೈಟ್ ಪಾಯಿಂಟ್ ಎಳೆದ ಹಾಗೆ ಪ್ಯಾನೆಲ್‌ನಿಂದ ಒಂದೊಂದು ಯಂತ್ರಕ್ಕೂ ಬೇರೆ ಬೇರೆ ಕೇಬಲ್, ಅದೂ ಮೋಟರ್ ಕೇಬಲ್ ಇರುವ ಟ್ರೇಯಲ್ಲೇ. 485 ಸರಪಳಿಯ ಹಾಗೆ ಒಂದರಿಂದ ಇನ್ನೊಂದಕ್ಕೆ ಹೋಗಬೇಕು.

ಇದರ ಮೇಲೆ, ಪ್ರತಿ ವಿಎಫ್‌ಡಿಯ ಒಳಗಿನ 120 ಓಮ್ ಟರ್ಮಿನೇಶನ್ (ಸಿಗ್ನಲ್ ತುದಿಗೆ ಬಡಿದು ವಾಪಸ್ ಬರದಂತೆ ತಡೆಯುವ ರೆಸಿಸ್ಟರ್) ಸ್ವಿಚ್ ಆನ್! ಅದು ಲೈನ್‌ನ ಎರಡು ತುದಿಗೆ ಮಾತ್ರ ಬೇಕಾದದ್ದು. ಎಲ್ಲಾ ಪವರ್ ಆಫ್ ಮಾಡಿ ಲೈನ್‌ನ ಎರಡು ತಂತಿ ಎ, ಬಿ ನಡುವೆ ಮಲ್ಟಿಮೀಟರ್ ಇಟ್ಟರೆ 60 ಓಮ್ ಆಸುಪಾಸು ಬರಬೇಕು. ಅಲ್ಲಿ ತೋರಿಸಿದ್ದು 9. ಅಷ್ಟು ಭಾರಕ್ಕೆ ಸಿಗ್ನಲ್ ಕುಗ್ಗಿ ಹೋಗಿತ್ತು, ವಿಎಫ್‌ಡಿಯ ಸ್ವಿಚಿಂಗ್‌ನಿಂದ ಹುಟ್ಟುವ ವಿದ್ಯುತ್ ಅಡಚಣೆ (ನಾಯ್ಸ್) ಅದನ್ನು ನುಂಗುತ್ತಿತ್ತು. ಕಾರ್ಡ್ ಬದಲಿಸುವ ಮೊದಲು ಈ ಎರಡು ನಿಮಿಷದ ಪರೀಕ್ಷೆ ಯಾಕೆ ಯಾರಿಗೂ ಹೊಳೆಯುವುದಿಲ್ಲವೋ! ಶೀಲ್ಡ್ ಇರುವ ಟ್ವಿಸ್ಟೆಡ್ ಪೇರ್ ಹಾಕಿ, ಶೀಲ್ಡ್ ಅನ್ನು ಪ್ಯಾನೆಲ್ ಕಡೆ ಒಂದೇ ತುದಿಯಲ್ಲಿ ಅರ್ಥ್ ಮಾಡಿ. ಎ, ಬಿ ಹೆಸರನ್ನು ಕೆಲವು ಕಂಪನಿಯವರು ಅದಲುಬದಲು ಬರೆದಿರುತ್ತಾರೆ. ಒಂದು ಸಾಧನ ಮಾತ್ರ ಮಾತಾಡದಿದ್ದರೆ ಮೊದಲು ತಂತಿ ಅದಲಿಸಿ ನೋಡಿ.

ಇನ್ನು ವೇಗ. 9600ರಲ್ಲಿ ಒಂದು ಸಾಧನದ 10 ರಿಜಿಸ್ಟರ್ (ಅಳತೆ ಕೂಡಿಟ್ಟ ಖಾನೆ) ಓದಲು ಸುಮಾರು 50 ಮಿಲಿಸೆಕೆಂಡ್, 20 ಸಾಧನಕ್ಕೆ ಒಂದು ಸುತ್ತು 1 ಸೆಕೆಂಡ್. ತಾಪಮಾನ ನೋಡಲು ಧಾರಾಳ. ಆದರೆ ಒಂದು ವಿಎಫ್‌ಡಿ ಆಫ್ ಆದರೆ, ಟೈಮ್‌ಔಟ್ (ಉತ್ತರಕ್ಕೆ ಕಾಯುವ ಸಮಯ) 1 ಸೆಕೆಂಡ್, ಪ್ರಯತ್ನ 3 ಸಲ ಅಂತ ಇದ್ದಾಗ, ಪ್ರತಿ ಸುತ್ತಿಗೂ 3 ಸೆಕೆಂಡ್ ಜಾಸ್ತಿ. ಅಷ್ಟರಲ್ಲಿ ಬೀಜ ಮೇಲೆತ್ತುವ ಎಲಿವೇಟರ್ ಜಾಮ್ ಆಗಿ, ಅದರ ಬೂಟ್ (ತಳದ ಪೆಟ್ಟಿಗೆ) ತುಂಬಿ ಕಾಫಿ ಬೀಜ ನೆಲಕ್ಕೆ ಸುರಿದಿರುತ್ತದೆ. ಅದಕ್ಕೇ ಇಂಟರ್‌ಲಾಕ್ (ಒಂದು ಯಂತ್ರ ನಿಂತರೆ ಇನ್ನೊಂದನ್ನೂ ನಿಲ್ಲಿಸುವ ವ್ಯವಸ್ಥೆ), ಎಮರ್ಜೆನ್ಸಿ ಸ್ಟಾಪ್ ಎರಡನ್ನೂ ಮಾಡ್‌ಬಸ್ ಮೇಲೆ ಬಿಡದೆ ನೇರ ತಂತಿಯಲ್ಲೇ ಎಳೆಸಿ. ಮೋಟರ್‌ಗಳು ಒಂದರ ಜೊತೆ ಒಂದು ತಾಳ ಹಾಕಿ ಓಡಬೇಕಾದರೆ ಪ್ರಾಫಿನೆಟ್ ಅಥವಾ ಈಥರ್‌ಕ್ಯಾಟ್ (ಇದಕ್ಕಿಂತ ಬಹಳ ವೇಗದ ಜಾಲಗಳು) ಕೇಳಿ, ವಿಎಫ್‌ಡಿಗೆ ಅದರ ಕಾರ್ಡ್ ಬೇರೆ ಕೊಳ್ಳಬೇಕಾ ಅಂತಲೂ ಕೇಳಿ.

ಶೆಡ್‌ನಿಂದ ಗೋಡೌನ್‌ಗೆ ಮಾತ್ರ ತಾಮ್ರದ ತಂತಿ ಬೇಡವೇ ಬೇಡ. ಎರಡು ಕಟ್ಟಡದ ಅರ್ಥ್ ಒಂದೇ ಮಟ್ಟದಲ್ಲಿ ಇರುವುದಿಲ್ಲ, 485 ಪೋರ್ಟ್ ತಡೆಯುವುದು ಮೈನಸ್ 7ರಿಂದ ಪ್ಲಸ್ 12 ವೋಲ್ಟ್ ಅಷ್ಟೇ. ಅಶ್ವಿನಿ, ಭರಣಿ ಮಳೆಯ ಗುಡುಗು ಸಿಡಿಲಿಗೆ ಇಲ್ಲಿ ಮೊದಲು ಸುಡುವುದು ಆ ಪೋರ್ಟೇ. ಅಲ್ಲಿಗೆ ಫೈಬರ್ ಎಳೆಸಿ, ಎರಡೂ ಕಡೆ ಕನ್ವರ್ಟರ್ ಹಾಕಿಸಿ.