‘ಇವತ್ತು ಬೇಡ’ ಎನ್ನಬೇಕಾದವರು ಯಾರು? ಬಳಸಿ ನೋಡಿದ ನೈಸರ್ಗಿಕ ವಿಧಾನಗಳ ಹೋಲಿಕೆ

ಗರ್ಭನಿರೋಧಕ ಮಾತ್ರೆ ನನಗೆ ಒಗ್ಗಲಿಲ್ಲ. ತಲೆನೋವು ಬಿಡಲೇ ಇಲ್ಲ. ಕಾಪರ್-ಟಿ ಹಾಕಿಸಿಕೊಂಡೆ, ಮುಟ್ಟಿನ ಸ್ರಾವ ವಿಪರೀತವಾಯಿತೆಂದು ತೆಗೆಸಿದೆ. ಕಾಂಡೋಮ್ ಇದ್ದೇ ಇತ್ತು, ಆದರೆ ವರ್ಷವಿಡೀ ಅದೊಂದನ್ನೇ ನೆಚ್ಚಿಕೊಂಡಿರಲು ಇಬ್ಬರಿಗೂ ಮನಸ್ಸಿರಲಿಲ್ಲ. ಎರಡನೆಯ ಮಗುವನ್ನು ಒಂದಷ್ಟು ವರ್ಷ ಮುಂದೂಡಬೇಕೆಂಬುದು ಮಾತ್ರ ಖಚಿತವಾಗಿತ್ತು. ಹಾಗಾಗಿ ಗರ್ಭ ನಿಲ್ಲುವ ದಿನಗಳನ್ನು ಗುರುತಿಸಿ ಆಗ ದೂರವಿರುವ ನೈಸರ್ಗಿಕ ವಿಧಾನಗಳನ್ನು ನಾನೂ ಇವರೂ ಒಂದಾದ ಮೇಲೊಂದು ಬಳಸಿ ನೋಡಿದೆವು. ಇವೆಲ್ಲ ಒಂದೇ ವಿಧಾನದ ಬೇರೆ ಬೇರೆ ಹೆಸರುಗಳೆಂದು ಬಹಳ ಜನ ತಿಳಿದಿದ್ದಾರೆ. ಅಲ್ಲ. ಕೆಲಸ ಮಾಡುವ ಬಗೆ ಬೇರೆ, ನಂಬಬಹುದಾದ ಮಟ್ಟ ಬೇರೆ, ಮನೆಯೊಳಗೆ ಎಬ್ಬಿಸುವ ಜಗಳವೂ ಬೇರೆ.

ಜಗಳ ಎಂದದ್ದು ತಮಾಷೆಗಲ್ಲ. ಪ್ರತಿ ವಿಧಾನವನ್ನೂ ನಾನು ಎರಡು ಪ್ರಶ್ನೆಗಳಿಂದ ಅಳೆದೆ. ಎಷ್ಟು ನಂಬಬಹುದು? ‘ಇವತ್ತು ಬೇಡ’ ಎಂಬ ಮಾತನ್ನು ಆಡಬೇಕಾದವರು ಯಾರು? ಎರಡನೆಯ ಪ್ರಶ್ನೆಯನ್ನು ಕರಪತ್ರಗಳು ಕೇಳುವುದಿಲ್ಲ. ಆದರೆ ಮೊದಲನೆಯದರ ಉತ್ತರ ಬಹುಮಟ್ಟಿಗೆ ಎರಡನೆಯದರ ಮೇಲೆಯೇ ನಿಂತಿದೆ.

ಎಲ್ಲ ವಿಧಾನಗಳಿಗೂ ತಳಹದಿ ಒಂದೇ. ಬಿಡುಗಡೆಯಾದ ಅಂಡಾಣು ಬದುಕುವುದು ಹೆಚ್ಚೆಂದರೆ ಒಂದು ದಿನ. ವೀರ್ಯಾಣು ಮಾತ್ರ ಹೆಣ್ಣಿನ ದೇಹದೊಳಗೆ ಐದು ದಿನಗಳವರೆಗೂ ಕಾದಿರಬಲ್ಲದು. ಆದ್ದರಿಂದ ಗರ್ಭ ನಿಲ್ಲುವ ಸಾಧ್ಯತೆ ಇರುವುದು ಅಂಡೋತ್ಪತ್ತಿಯ, ಅಂದರೆ ಅಂಡಾಣು ಬಿಡುಗಡೆಯಾಗುವ ದಿನ ಮತ್ತು ಅದಕ್ಕೆ ಹಿಂದಿನ ಐದು ದಿನಗಳಲ್ಲಿ. 221 ಮಹಿಳೆಯರನ್ನು ಗಮನಿಸಿ 1995ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ಈ ಆರು ದಿನಗಳ ಲೆಕ್ಕವನ್ನು ಗಟ್ಟಿ ಮಾಡಿತು. ಆರೇ ದಿನ! ಆದರೆ ಆ ಆರು ದಿನಗಳು ಈ ತಿಂಗಳು ಎಲ್ಲಿ ಕುಳಿತಿವೆ ಎಂಬುದನ್ನು ಮುಂಚಿತವಾಗಿ ಯಾರೂ ಹೇಳಲಾರರು. ಇಡೀ ತಂಟೆ ಇರುವುದು ಅಲ್ಲಿಯೇ.

ಮೊದಲು ಹಿಡಿದದ್ದು ಕ್ಯಾಲೆಂಡರ್ ಲೆಕ್ಕ, ಎಲ್ಲರೂ ಹಿಡಿಯುವಂತೆ. ಇದರ ಮೂಲ 1920ರ ದಶಕದ್ದು. ಜಪಾನಿನ ಒಗಿನೋ, ಆಸ್ಟ್ರಿಯಾದ ಕ್ನಾಸ್ ಎಂಬ ಇಬ್ಬರು ವೈದ್ಯರು ಬೇರೆ ಬೇರೆಯಾಗಿ ಕಂಡುಕೊಂಡದ್ದು. ಒಗಿನೋ ಲೆಕ್ಕ ಹಾಕಿದ್ದು ಮಕ್ಕಳು ಬೇಕೆನ್ನುವವರಿಗಾಗಿ. ಗರ್ಭ ತಡೆಯಲು ಅದನ್ನು ಬಳಸುವುದು ಅವರಿಗೇ ಇಷ್ಟವಿರಲಿಲ್ಲ. ಲೆಕ್ಕ ಸುಲಭ. ಕನಿಷ್ಠ ಆರು ತಿಂಗಳ ಋತುಚಕ್ರಗಳನ್ನು ಬರೆದಿಡಬೇಕು. ಅತಿ ಚಿಕ್ಕ ಚಕ್ರದಿಂದ 18 ಕಳೆದರೆ ಅಪಾಯದ ಮೊದಲ ದಿನ, ಅತಿ ದೊಡ್ಡದರಿಂದ 11 ಕಳೆದರೆ ಕೊನೆಯ ದಿನ. ಒಬ್ಬಾಕೆಯ ಚಕ್ರ 26ರಿಂದ 33 ದಿನಗಳ ನಡುವೆ ಏರುಪೇರಾಗುತ್ತದೆ ಎನ್ನಿ. ಮುಟ್ಟಿನ ಮೊದಲ ದಿನದಿಂದ ಎಣಿಸಿ 8ನೇ ದಿನದಿಂದ 22ನೇ ದಿನದವರೆಗೆ, ಅಂದರೆ ಹದಿನೈದು ದಿನ ದೂರವಿರಬೇಕು. ಇಷ್ಟು ತ್ಯಾಗ ಮಾಡಿದ ಮೇಲೂ ಲೆಕ್ಕ ನಿಂತಿರುವುದು ಕಳೆದ ತಿಂಗಳುಗಳ ಮೇಲೆ. ಈ ತಿಂಗಳ ಜ್ವರ, ಪ್ರಯಾಣ, ನಿದ್ದೆಗೇಡು ಯಾವುದೂ ಅದಕ್ಕೆ ಗೊತ್ತಿಲ್ಲ.

ಆದರೂ ಒಂದು ಒಳ್ಳೆಯ ಗುಣ ಹೇಳಲೇಬೇಕು. ‘ಬೇಡ’ ಎನ್ನುವುದು ಗೋಡೆಯ ಮೇಲಿನ ಕ್ಯಾಲೆಂಡರ್; ನಾನಲ್ಲ. ಇವರು ಅದರ ಮುಂದೆ ನಿಂತು ಪೆನ್ನಿನ ಗುರುತುಗಳನ್ನು ಎಣಿಸಿ, ಮುಖ ಸಣ್ಣದು ಮಾಡಿಕೊಂಡು ಹೋಗುತ್ತಿದ್ದರು. ಸಿಟ್ಟು ಬಂದರೆ ಅದರ ಮೇಲೆಯೇ.

ಇದರ ಸುಧಾರಿತ ರೂಪ ಮಣಿಸರ. ಅಮೆರಿಕದ ಜಾರ್ಜ್‌ಟೌನ್ ವಿಶ್ವವಿದ್ಯಾಲಯದವರು ರೂಪಿಸಿದ ಈ ವಿಧಾನದಲ್ಲಿ ಕಳೆಯುವ ಕೂಡುವ ಲೆಕ್ಕವೇ ಇಲ್ಲ. ಒಟ್ಟು 32 ಮಣಿ. ಕೆಂಪು ಮಣಿ ಮುಟ್ಟಿನ ಮೊದಲ ದಿನ, ಕಂದು ಮಣಿ ಸುರಕ್ಷಿತ ದಿನ, 8ರಿಂದ 19ರವರೆಗಿನ ಹನ್ನೆರಡು ಬಿಳಿ ಮಣಿಗಳು ದೂರವಿರಬೇಕಾದ ದಿನ. ದಿನಕ್ಕೊಂದು ಮಣಿಯಂತೆ ರಬ್ಬರ್ ಉಂಗುರ ಸರಿಸಿದರಾಯಿತು. ಬಿಳಿ ಮಣಿಗಳು ಕತ್ತಲಲ್ಲಿ ಮಿನುಗುತ್ತವೆ. ದೀಪ ಆರಿಸಿದ ಮೇಲೂ ನೆನಪಿಸಲಿ ಎಂಬ ಮುಂದಾಲೋಚನೆ ಇರಬಹುದು, ವಿನ್ಯಾಸ ಮಾಡಿದವರಿಗೆ ಸಂಸಾರ ಗೊತ್ತಿತ್ತು! ನಿಯಮ ತಪ್ಪದೆ ಪಾಲಿಸಿದ ನೂರು ಮಹಿಳೆಯರಲ್ಲಿ ವರ್ಷಕ್ಕೆ ಸುಮಾರು 5 ಮಂದಿ, ಸಾಮಾನ್ಯ ಬಳಕೆಯಲ್ಲಿ 12 ಮಂದಿ ಗರ್ಭಿಣಿಯರಾಗುತ್ತಾರೆ. ಷರತ್ತು ಒಂದೇ: ಚಕ್ರ 26ರಿಂದ 32 ದಿನಗಳ ಒಳಗಿರಬೇಕು. ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಬಾರಿ ಆ ಮಿತಿ ದಾಟಿದರೆ ಸರ ಬಿಚ್ಚಿಡಬೇಕು. ನನ್ನದು ದಾಟಿತು, ಬಿಚ್ಚಿಟ್ಟೆ. ಅಚ್ಚುಕಟ್ಟಾಗಿ ಮುಟ್ಟಾಗುವ ಗೆಳತಿಯರಿಗೆ ಈಗಲೂ ನಾನು ಹೇಳುವುದು ಇದನ್ನೇ.

ಮೊಬೈಲ್ ಆ್ಯಪ್‌ಗಳಲ್ಲಿ ಎರಡು ಜಾತಿ. ಮುಟ್ಟಿನ ದಿನಾಂಕವನ್ನಷ್ಟೇ ಕೇಳಿಕೊಂಡು ಹಸಿರು, ಕೆಂಪು ಬಣ್ಣ ತೋರಿಸುವ ಆ್ಯಪ್ ಎಂದರೆ ಒಗಿನೋ ಲೆಕ್ಕಕ್ಕೆ ಬಣ್ಣ ಬಳಿದದ್ದು, ಅಷ್ಟೆ. ನಾವು ಇಳಿಸಿಕೊಂಡದ್ದು ಅಂಥದ್ದನ್ನೇ. ಮುಟ್ಟು ತಡವಾದ ತಿಂಗಳಲ್ಲಿ ಅಂಡೋತ್ಪತ್ತಿಯ ದಿನವೆಂದು ಮೊದಲು ತೋರಿಸಿದ್ದನ್ನು ಅದು ಆಮೇಲೆ ಸದ್ದಿಲ್ಲದೆ ಬದಲಾಯಿಸಿಬಿಟ್ಟಿತು. ಅಳಿಸಿ ಹಾಕಿದೆ. ಎರಡನೆಯ ಜಾತಿಯವು ದಿನದಿನದ ತಾಪಮಾನವನ್ನೂ ಕೇಳುತ್ತವೆ. ಅವುಗಳಲ್ಲಿ ಸ್ವೀಡನ್ನಿನ ನ್ಯಾಚುರಲ್ ಸೈಕಲ್ಸ್‌ಗೆ 2018ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಗರ್ಭನಿರೋಧಕವಾಗಿ ಅನುಮತಿ ಕೊಟ್ಟಿದೆ. ಸಾಮಾನ್ಯ ಬಳಕೆಯಲ್ಲಿ ನೂರಕ್ಕೆ ಸುಮಾರು 7 ವಿಫಲ. ಅದನ್ನು ನಾವು ಬಳಸಿಲ್ಲ.

ಲೋಳೆ ನೋಡುವ ವಿಧಾನ ನನ್ನನ್ನು ನಿಜಕ್ಕೂ ಬೆರಗುಗೊಳಿಸಿತು. ಆಸ್ಟ್ರೇಲಿಯಾದ ಬಿಲ್ಲಿಂಗ್ಸ್ ದಂಪತಿ ಕಲಿಸಿದ್ದು ಇದು, ಇಬ್ಬರೂ ವೈದ್ಯರು. ಅಂಡೋತ್ಪತ್ತಿ ಹತ್ತಿರವಾದಂತೆ ಈಸ್ಟ್ರೋಜನ್ ಹಾರ್ಮೋನ್ ಏರಿ ಗರ್ಭಕಂಠದ ಲೋಳೆ ಬದಲಾಗುತ್ತದೆ. ಮುಟ್ಟು ನಿಂತ ಮೇಲೆ ಕೆಲವು ದಿನ ಒಣಗಿದ ಅನುಭವ, ಆಮೇಲೆ ಅಂಟಂಟು, ಬಳಿಕ ಹಸಿ ಮೊಟ್ಟೆಯ ಬಿಳಿಯ ಹಾಗೆ ತಿಳಿಯಾಗಿ, ಎರಡು ಬೆರಳ ನಡುವೆ ಎಳೆದರೆ ತುಂಡಾಗದೆ ನೂಲಾಗುತ್ತದೆ. ಜಾರುವ ಅನುಭವದ ಕೊನೆಯ ದಿನವೇ ಶಿಖರ. ಅದರ ನಂತರದ ನಾಲ್ಕನೆಯ ದಿನದಿಂದ ಮುಂದಿನ ಮುಟ್ಟಿನವರೆಗೆ ಭಯವಿಲ್ಲ. ಇಷ್ಟು ವರ್ಷ ‘ಬಿಳಿ ಹೋಗುತ್ತಿದೆ’ ಎಂದು ಕಾಯಿಲೆಯಂತೆ ಹೇಳಿಕೊಂಡದ್ದು ದೇಹದ ಆರೋಗ್ಯದ ಲಕ್ಷಣವೆಂದು ತಿಳಿದಾಗ ಯಾರ ಮೇಲೆಂದು ಗೊತ್ತಿಲ್ಲದೆ ಕೋಪ ಬಂತು. ಶಾಲೆಯಲ್ಲಿ ಯಾಕೆ ಹೇಳಿಕೊಡುವುದಿಲ್ಲ?

ಖರ್ಚಿಲ್ಲ, ಉಪಕರಣವಿಲ್ಲ, ಚಕ್ರ ಏರುಪೇರಾದರೂ ಪರವಾಗಿಲ್ಲ. ಆದರೆ ಶಿಖರಕ್ಕೆ ಮುಂಚಿನ ಒಣ ದಿನಗಳಲ್ಲಿ ದಿನ ಬಿಟ್ಟು ದಿನ, ಅದೂ ರಾತ್ರಿ ಮಾತ್ರ ಕೂಡಬಹುದು. ಇಲ್ಲದಿದ್ದರೆ ಮರುದಿನದ ಒದ್ದೆ ವೀರ್ಯದ್ದೋ ಲೋಳೆಯದ್ದೋ ತಿಳಿಯದು. ಸೋಂಕು, ನೆಗಡಿಯ ಕೆಲವು ಮಾತ್ರೆಗಳು ಕೂಡ ಗುರುತನ್ನು ಕೆಡಿಸುತ್ತವೆ. ವಿಶ್ವ ಆರೋಗ್ಯ ಸಂಸ್ಥೆ ಐದು ದೇಶಗಳಲ್ಲಿ ನಡೆಸಿದ ಪ್ರಯೋಗದ ಅಂಕಿಗಳನ್ನು ಮುಂದೆ ವಿಶ್ಲೇಷಿಸಿದಾಗ, ನಿಯಮ ಪಾಲಿಸಿದರೆ ವರ್ಷಕ್ಕೆ ನೂರರಲ್ಲಿ ಸುಮಾರು 3, ಮುರಿಯುತ್ತಲೇ ಇದ್ದರೆ 80ಕ್ಕೂ ಹೆಚ್ಚು ಎಂದು ಬಂತು. ಇದು ಎರಡನೆಯ ಅವಕಾಶ ಕೊಡುವ ವಿಧಾನವಲ್ಲ.

ನಮ್ಮಲ್ಲಿ ಇದು ಸೋತದ್ದು ಬೇರೆ ಕಾರಣಕ್ಕೆ. ಲಕ್ಷಣ ಗೊತ್ತಾಗುವುದು ನನಗೊಬ್ಬಳಿಗೇ. ಪ್ರತಿ ರಾತ್ರಿ ತೀರ್ಪು ನನ್ನದು, ‘ಬೇಡ’ ಎನ್ನುವ ಬಾಯಿಯೂ ನನ್ನದೇ. ಇವರು ಒರಟರಲ್ಲ. ಆದರೂ “ನಿಜವಾಗಿಯೂ ಅದೇನಾ, ಅಥವಾ ನಿನಗೆ ಸುಸ್ತಾಗಿದೆಯಾ?” ಎಂದು ಒಮ್ಮೆ ಕೇಳಿದರು. ಸುಸ್ತೂ ಆಗಿತ್ತು, ಅದೂ ನಿಜವಾಗಿತ್ತು. ದೇಹದ ಒಂದು ಸಂಗತಿಗೆ ನಾನು ಸಾಕ್ಷಿ ಹೇಳಬೇಕಾಗಿ ಬಂದದ್ದು ನನಗೆ ಹಿಡಿಸಲಿಲ್ಲ. ಬಿಲ್ಲಿಂಗ್ಸ್ ಕಲಿಸುವವರು ಪ್ರತಿ ರಾತ್ರಿಯೂ ಹಾಳೆ ತುಂಬಿ ಗಂಡನಿಗೆ ತೋರಿಸಲು ಹೇಳುವುದು ಇದಕ್ಕೇ ಇರಬೇಕು. ಆದರೆ ತೋರಿಸಿದರೂ ಅದು ನನ್ನ ಮಾತಿನ ಬರಹ ತಾನೆ?

ಥರ್ಮಾಮೀಟರ್‌ಗೆ ಆ ತೊಂದರೆ ಇಲ್ಲ. ಅಂಡೋತ್ಪತ್ತಿಯ ನಂತರ ಪ್ರೊಜೆಸ್ಟರಾನ್ ಹಾರ್ಮೋನಿನ ಪ್ರಭಾವದಿಂದ ಮೈಯ ತಾಪ ಸುಮಾರು 0.2ರಿಂದ 0.5 ಡಿಗ್ರಿ ಸೆಲ್ಸಿಯಸ್ ಏರಿ ಮುಟ್ಟಿನವರೆಗೂ ಏರಿಯೇ ಇರುತ್ತದೆ. ಬೆಳಗ್ಗೆ ಎಚ್ಚರವಾದ ಕೂಡಲೇ, ಹಾಸಿಗೆಯಿಂದ ಏಳುವ ಮುಂಚೆ ಅಳೆಯಬೇಕು. ಹಿಂದಿನ ಆರು ದಿನಗಳಿಗಿಂತ ಮೂರು ದಿನ ಸತತವಾಗಿ ಏರಿದ್ದರೆ ಅಂಡ ಬಂದು ಹೋಯಿತೆಂದು ಅರ್ಥ. ದೋಷ ಒಂದೇ, ಆದರೆ ದೊಡ್ಡದು: ಎಲ್ಲ ಮುಗಿದ ಮೇಲೆ ಹೇಳುತ್ತದೆ. ತಾಪವೊಂದನ್ನೇ ನಂಬಿದರೆ ಚಕ್ರದ ಮೊದಲರ್ಧವನ್ನು ಪೂರ್ತಿ ಬಿಡಬೇಕು. ತೀರಾ ಗಟ್ಟಿ ವಿಧಾನ, ತೀರಾ ಒಣ ಜೀವನ.

ಲೋಳೆ, ತಾಪ ಎರಡನ್ನೂ ಬೆಸೆದದ್ದೇ ಲಕ್ಷಣ-ತಾಪ ವಿಧಾನ. ನಾವು ಕೊನೆಗೆ ನಿಂತದ್ದು ಇಲ್ಲಿ. ಆಸ್ಟ್ರಿಯಾದ ವೈದ್ಯ ಯೋಸೆಫ್ ರೋಟ್ಸರ್ 1960ರ ದಶಕದಲ್ಲಿ ಇದಕ್ಕೆ ರೂಪ ಕೊಟ್ಟರು. ಜರ್ಮನಿಯಲ್ಲಿ ಸೆನ್ಸಿಪ್ಲಾನ್ ಎಂಬ ಹೆಸರಿನಲ್ಲಿ ನಿಯಮಗಳು ಇನ್ನಷ್ಟು ಬಿಗಿಯಾದವು. ಲೋಳೆಯ ಶಿಖರದ ನಂತರದ ಮೂರನೆಯ ದಿನ, ಏರಿದ ತಾಪದ ಮೂರನೆಯ ದಿನ, ಇವೆರಡರಲ್ಲಿ ಯಾವುದು ತಡವೋ ಆ ಸಂಜೆಯಿಂದ ಭಯವಿಲ್ಲ. ಒಂದರ ಮಾತನ್ನು ಇನ್ನೊಂದು ಪರೀಕ್ಷಿಸುತ್ತದೆ. ಚಕ್ರದ ಆರಂಭದ ಸುರಕ್ಷಿತ ದಿನಗಳನ್ನು ಮುಗಿಸುವಾಗಲೂ ಹಾಗೆಯೇ. ಹಿಂದಿನ ಚಕ್ರಗಳಿಂದ ಲೆಕ್ಕ ಹಾಕಿದ ದಿನ, ಲೋಳೆ ಕಂಡ ದಿನ, ಎರಡರಲ್ಲಿ ಯಾವುದು ಮುಂಚೆಯೋ ಅದು. 2007ರಲ್ಲಿ ಪ್ರಕಟವಾದ ಜರ್ಮನ್ ಅಧ್ಯಯನ 900 ಮಹಿಳೆಯರ 17,638 ಚಕ್ರಗಳನ್ನು ನೋಡಿತ್ತು. ಗರ್ಭ ನಿಂತದ್ದು ನಿಯಮ ತಪ್ಪದವರಲ್ಲಿ ವರ್ಷಕ್ಕೆ ನೂರರಲ್ಲಿ 0.4, ತಪ್ಪಿದವರನ್ನೂ ಸೇರಿಸಿದರೆ 1.8. ಕಾಂಡೋಮ್‌ನ ಸಾಮಾನ್ಯ ಬಳಕೆಯಲ್ಲಿ ಈ ಸಂಖ್ಯೆ 13ರ ಆಸುಪಾಸು. ಆ 900 ಮಂದಿ ಚೆನ್ನಾಗಿ ಕಲಿತು, ಆಸ್ಥೆಯಿಂದ ಬರೆದವರು ಎಂಬುದನ್ನೂ ಮರೆಯಬಾರದು.

ನಮ್ಮ ಹಾಳೆ ಬೀರುವಿನ ಬಾಗಿಲ ಒಳಬದಿಯಲ್ಲಿದೆ. ಬೆಳಗ್ಗೆ ಥರ್ಮಾಮೀಟರ್ ಕೂಗಿದಾಗ ನನ್ನ ಬಾಯಿಂದ ತೆಗೆದು ಓದುವುದು ಇವರು, ಚುಕ್ಕೆ ಇಡುವುದೂ ಇವರೇ. ನಾನು ಲೋಳೆಯ ಸಾಲನ್ನು ರಾತ್ರಿ ತುಂಬುತ್ತೇನೆ. ಮಗು ರಾತ್ರಿಯೆಲ್ಲ ಎಬ್ಬಿಸಿದ್ದರೆ ಆ ಚುಕ್ಕೆಗೆ ಕಂಸ ಹಾಕಿ ಲೆಕ್ಕದಿಂದ ಬಿಡುತ್ತೇವೆ. ಒಂದು ಬೆಳಗ್ಗೆ ತಾಪ ಏರಿತ್ತು, ಎರಡನೆಯ ದಿನವೂ. “ರೀ, ಇವತ್ತು ಆಗಬಹುದು ಅನ್ನಿಸುತ್ತದೆ,” ಎಂದೆ. ಇವರು ಅಳತೆಪಟ್ಟಿ ಇಟ್ಟು ಗೆರೆ ಎಳೆದು, “ಇಲ್ಲ, ಇನ್ನೊಂದು ಚುಕ್ಕೆ ಬೇಕು. ನಾಳೆ ನೋಡೋಣ,” ಎಂದರು. ಅಂದು ‘ಬೇಡ’ ಎಂದದ್ದು ನಾನಲ್ಲ, ಇವರು. ಹಿಂದಿನ ಯಾವ ವಿಧಾನದಲ್ಲೂ ಇದು ಸಾಧ್ಯವಿರಲಿಲ್ಲ. ಇವರ ಎಚ್ಚರ ಕೆಲವೊಮ್ಮೆ ನನಗಿಂತ ಹೆಚ್ಚು; ಅದು ಬೇರೆ ತಲೆನೋವು.

ಅಪಾಯದ ದಿನಗಳಲ್ಲಿ ಏನು ಮಾಡಬೇಕು? ಕಟ್ಟುನಿಟ್ಟಿನವರು ಸಂಯಮವೊಂದೇ ದಾರಿ ಎನ್ನುತ್ತಾರೆ. ನಾವು ಅಂಚಿನ ದಿನಗಳಲ್ಲಿ ಕಾಂಡೋಮ್ ಬಳಸುತ್ತೇವೆ, ಶಿಖರದ ಹತ್ತಿರ ದೂರವಿರುತ್ತೇವೆ. ಗರ್ಭ ನಿಲ್ಲುವ ದಿನಗಳಲ್ಲೇ ಕಾಂಡೋಮ್ ಬಳಸುವಾಗ ಅದು ಹರಿದರೆ ಹರಿದದ್ದೇ; ಕಾಪಾಡಲು ಬೇರೇನೂ ಇರುವುದಿಲ್ಲ. ವೀರ್ಯ ಹೊರಗೆ ಬಿಡುವುದನ್ನಂತೂ ಆ ದಿನಗಳಲ್ಲಿ ನಾನು ಒಪ್ಪುವುದೇ ಇಲ್ಲ.

ಹಾಲೂಡಿಸುವಾಗಿನ ವಿಧಾನವನ್ನು ಮೊದಲ ಮಗುವಿನ ಹೊತ್ತಿಗೆ ಅನುಸರಿಸಿದ್ದೆವು. ಮೂರು ಷರತ್ತು ಒಟ್ಟಿಗೆ ಇರಬೇಕು: ಮಗುವಿಗೆ ಆರು ತಿಂಗಳು ತುಂಬಿರಬಾರದು, ಹಗಲೂ ರಾತ್ರಿಯೂ ಎದೆಹಾಲು ಮಾತ್ರ, ಮುಟ್ಟು ಮರಳಿರಬಾರದು. ಹಾಗಿದ್ದರೆ ಶೇಕಡ 98ರಷ್ಟು ರಕ್ಷಣೆ. ಒಂದು ತಪ್ಪಿದರೂ ಮುಗಿಯಿತು, ಏಕೆಂದರೆ ಮೊದಲ ಮುಟ್ಟಿಗಿಂತ ಮುಂಚೆಯೇ ಅಂಡ ಬಂದಿರಬಹುದು. ಅತ್ಯಂತ ನೆಮ್ಮದಿಯ ವಿಧಾನ, ಅತ್ಯಂತ ಅಲ್ಪಾಯುಷಿಯೂ ಹೌದು.

ಯಾರಿಗೆ ನಾನು ಇವ್ಯಾವುದನ್ನೂ ಹೇಳುವುದಿಲ್ಲ? ರಾತ್ರಿ ಪಾಳಿ ಬದಲಾಗುತ್ತಲೇ ಇರುವವರಿಗೆ ತಾಪಮಾನದ ವಿಧಾನ ಕಷ್ಟ. ಪಿಸಿಓಡಿ (ಅಂಡಾಶಯದಲ್ಲಿ ನೀರುಗುಳ್ಳೆಗಳಾಗುವ ತೊಂದರೆ) ಇದ್ದವರಲ್ಲಿ ಲೋಳೆ ಹಲವು ಬಾರಿ ಬಂದು ಹೋಗಿ ದಾರಿ ತಪ್ಪಿಸುತ್ತದೆ. ಗರ್ಭ ನಿಂತರೆ ಪ್ರಾಣಕ್ಕೇ ಕುತ್ತು ಎಂದು ವೈದ್ಯರು ಎಚ್ಚರಿಸಿದ್ದರೆ ಇವುಗಳ ಗೊಡವೆಗೇ ಹೋಗಬಾರದು. ಲೈಂಗಿಕ ಸೋಂಕುಗಳನ್ನು ಇವು ತಡೆಯುವುದೂ ಇಲ್ಲ. ಇನ್ನು ಹೆಂಡತಿಯ ‘ಬೇಡ’ಕ್ಕೆ ಬೆಲೆಯಿಲ್ಲದ ಮನೆಯಲ್ಲಿ ಹಾಳೆ, ಮಣಿ, ಥರ್ಮಾಮೀಟರ್ ಎಲ್ಲವೂ ವ್ಯರ್ಥ, ಅಲ್ಲಿ ಆಕೆಯ ಕೈಯಲ್ಲೇ ಇರುವ ಚುಚ್ಚುಮದ್ದೋ ಕಾಪರ್-ಟಿಯೋ ಮೇಲು.

ಲಕ್ಷಣ-ತಾಪ ವಿಧಾನ ಹಿಡಿಯುವವರು ಮೊದಲ ಮೂರು ಚಕ್ರಗಳನ್ನು ಕಲಿಕೆಗೆ ಬಿಟ್ಟು ಅಷ್ಟೂ ಕಾಲ ಕಾಂಡೋಮ್ ಬಳಸಲಿ. ತರಬೇತಾದವರೊಬ್ಬರು ಹಾಳೆ ನೋಡಿದರೆ ಇನ್ನೂ ಒಳ್ಳೆಯದು. ಜ್ವರ ನೋಡುವ ಸಾಮಾನ್ಯ ಥರ್ಮಾಮೀಟರ್ ಸಾಲದು, ದಶಮಾಂಶದ ಎರಡು ಅಂಕಿ ತೋರಿಸುವುದು ಬೇಕು. ಕಂಕುಳಲ್ಲಿ ಇಡಬೇಡಿ. ಚಕ್ರದ ನಡುವೆ ಥರ್ಮಾಮೀಟರ್ ಬದಲಿಸಬೇಡಿ. ಬದಲಿಸಲೇಬೇಕಾಗಿ ಬಂದರೆ ಆ ತಿಂಗಳ ಹಾಳೆಯನ್ನು ನಂಬಬೇಡಿ.