ಲಿನಕ್ಸ್ ಕರ್ನಲ್‌ನ ಎನ್‌ಎಫ್‌ಎಸ್ ಕ್ಲೈಂಟ್: ತೀರ್ಥಹಳ್ಳಿಯ ಡಿಟಿಪಿ ಅಂಗಡಿಯಲ್ಲಿ ಹಲವು ಮಳೆಗಾಲ ಬಳಸಿದ ಮೇಲೆ

ಕರೆಂಟ್ ಹೋಗಿ ಬಂದರೂ ಕೆಲಸದಲ್ಲಿದ್ದ ಫೈಲ್ ಕೆಡಬಾರದು. ಮಲೆನಾಡಿನಲ್ಲಿ ಕಂಪ್ಯೂಟರ್ ನಂಬಿಕೊಂಡು ಅಂಗಡಿ ಇಟ್ಟವರಿಗೆ ಮೊದಲು ಬೇಕಾದದ್ದು ಇದು. ವೇಗ ಗೀಗ ಎಲ್ಲ ಆಮೇಲೆ. ಈ ವಿಷಯದಲ್ಲಿ ಲಿನಕ್ಸ್ ಕರ್ನಲ್ (ಸಿಸ್ಟಮ್‌ನ ತಿರುಳು) ಒಳಗೇ ಇರುವ ಎನ್‌ಎಫ್‌ಎಸ್ ಕ್ಲೈಂಟ್, ಅಂದರೆ ಸರ್ವರ್‌ನ ಫೈಲ್‌ಗಳನ್ನು ನೆಟ್‌ವರ್ಕ್ ಮೂಲಕ ತೆರೆದುಕೊಡುವ ಭಾಗ, ನನಗೆ ಇವತ್ತಿನವರೆಗೂ ಕೈಕೊಟ್ಟಿಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನಮ್ಮದು ತೀರ್ಥಹಳ್ಳಿಯಲ್ಲಿ ಡಿಟಿಪಿ, ಪ್ರಿಂಟಿಂಗ್ ಕೆಲಸ. ಲಗ್ನಪತ್ರಿಕೆ, ಅಡಿಕೆ ಮಂಡಿಯವರ ಬಿಲ್ ಬುಕ್ಕು, ಯಕ್ಷಗಾನ ಮೇಳದ ಪೋಸ್ಟರ್, ಎಳ್ಳಮಾವಾಸ್ಯೆ ಜಾತ್ರೆ ಹತ್ತಿರ ಬಂದರೆ ಫ್ಲೆಕ್ಸ್ ಮೇಲೆ ಫ್ಲೆಕ್ಸ್. ಡಿಸೈನ್ ಫೈಲ್‌ಗಳೆಲ್ಲ ಹಿಂದಿನ ಕೋಣೆಯ ಒಂದು ಸರ್ವರ್‌ನಲ್ಲಿವೆ. ಮುಂದಿನ ಮೆಷಿನ್‌ಗಳಲ್ಲಿ ಡೆಬಿಯನ್ (ಲಿನಕ್ಸ್‌ನ ಒಂದು ಬಗೆ) ಇದೆ, ಹುಡುಗರು ಡಿಸೈನ್ ಮಾಡುವ ಇಂಕ್‌ಸ್ಕೇಪ್, ಗಿಂಪ್ ಇಟ್ಟುಕೊಂಡು ಕೆಲಸ ಮಾಡುತ್ತಾರೆ. ಎರಡು ಹಳೆಯ ಮೆಷಿನ್‌ಗಳಿಗೆ ಹಾರ್ಡ್‌ಡಿಸ್ಕೇ ಇಲ್ಲ. ಅವು ಬೂಟ್ ಆಗುವುದೂ ಸರ್ವರ್‌ನಿಂದಲೇ.

ಎನ್‌ಎಫ್‌ಎಸ್ ಹೊಸದೇನಲ್ಲ. ಸನ್ ಮೈಕ್ರೋಸಿಸ್ಟಮ್ಸ್ 1984ರಲ್ಲಿ ತಂದದ್ದು. ಮೂರನೇ ಆವೃತ್ತಿಯ ವಿವರಣೆ 1995ರಲ್ಲಿ ಬಂತು, ನಾಲ್ಕನೆಯದು 2000ದಲ್ಲಿ, ನಾವು ಈಗ ಬಳಸುವ 4.2 ಬಂದದ್ದು 2016ರಲ್ಲಿ. ಬೇರೆ ಕಂಪ್ಯೂಟರಿನ ಫೋಲ್ಡರ್ ನಮ್ಮದೇ ಡಿಸ್ಕಿನಲ್ಲಿ ಇದ್ದ ಹಾಗೆ ಕಾಣುತ್ತದೆ. ಇಂಕ್‌ಸ್ಕೇಪ್‌ಗೆ ತಾನು ನೆಟ್‌ವರ್ಕ್ ಮೇಲೆ ಸೇವ್ ಮಾಡುತ್ತಿದ್ದೇನೆ ಅಂತ ಗೊತ್ತೇ ಇರುವುದಿಲ್ಲ.

ಮಳೆಗಾಲದಲ್ಲಿ ಏನಾಗುತ್ತೆ ಅಂತ ಹೇಳುತ್ತೇನೆ, ಅಸಲಿ ಪರೀಕ್ಷೆ ಅದೇ. ಆಗುಂಬೆ ಕಡೆಯಿಂದ ಗಾಳಿಮಳೆ ಹಿಡಿದರೆ ಎಲ್ಲಾದರೂ ಮರ ಬಿದ್ದು ಲೈನ್ ಹೋಗುವುದು ಮಾಮೂಲು. ಮುಂದಿನ ಮೆಷಿನ್‌ಗಳು ಅಂಗಡಿಯ ಇನ್ವರ್ಟರ್ ಮೇಲೆ ಓಡುತ್ತವೆ. ಸರ್ವರ್‌ಗೆ ಬೇರೆ ಯುಪಿಎಸ್ ಇದೆ, ಹೊತ್ತು ಜಾಸ್ತಿಯಾದರೆ ಅದು ಮೊದಲು ಮಲಗುತ್ತದೆ. ಆಗ ಮುಂದೆ ಕೂತ ಹುಡುಗ ಕೂಗುತ್ತಾನೆ: "ಅಣ್ಣಾ, ಸೇವ್ ಕೊಟ್ಟೆ, ಹ್ಯಾಂಗ್ ಆಯ್ತು. ರೀಸ್ಟಾರ್ಟ್ ಮಾಡ್ಲಾ?" ನನ್ನ ಉತ್ತರ ಯಾವಾಗಲೂ ಒಂದೇ: "ಮುಟ್ಟಬೇಡ ಮಾರಾಯ. ಹಾಗೇ ಬಿಡು, ಸರ್ವರ್ ಬರ್ಲಿ."

ಅದು ಹ್ಯಾಂಗ್ ಅಲ್ಲ, ಕಾಯುತ್ತಿರುವುದು. ಕರ್ನಲ್ ಲಾಗ್ ತೆಗೆದು ನೋಡಿದರೆ ‘ಸರ್ವರ್ ನಾಟ್ ರೆಸ್ಪಾಂಡಿಂಗ್, ಸ್ಟಿಲ್ ಟ್ರೈಯಿಂಗ್’ ಅಂತ ಒಂದು ಸಾಲು ಇರುತ್ತದೆ. ಸರ್ವರ್ ಎದ್ದ ಮೇಲೆ ಅದರ ಕೆಳಗೇ ‘ಓಕೆ’ ಅಂತ ಇನ್ನೊಂದು ಸಾಲು ಬೀಳುತ್ತದೆ. ಪರದೆ ಮತ್ತೆ ಅಲ್ಲಾಡುತ್ತದೆ, ಸೇವ್ ಮುಗಿಯುತ್ತದೆ, ಹುಡುಗ ಬಿಟ್ಟಲ್ಲಿಂದ ಮುಂದುವರಿಸುತ್ತಾನೆ. ಮೊದಲ ಸಲ ಇದನ್ನು ಕಣ್ಣಾರೆ ಕಂಡಾಗ ನನಗೆ ನಿಜಕ್ಕೂ ಖುಷಿಯಾಗಿತ್ತು. ಈಗಲೂ ಆಗುತ್ತದೆ.

ಇದು ಹೇಗೆ ಸಾಧ್ಯ ಅಂದರೆ, ಕ್ಲೈಂಟ್ ಬರೆದ ಡೇಟಾವನ್ನು ಸರ್ವರ್ ಮೊದಲು ತನ್ನ ಮೆಮೊರಿಯಲ್ಲಷ್ಟೇ ಇಟ್ಟುಕೊಂಡಿರಬಹುದು. ಆಮೇಲೆ ಕ್ಲೈಂಟ್ ‘ಕಮಿಟ್’ ಅಂತ ಕೇಳುತ್ತದೆ, ಅಂದರೆ ಡಿಸ್ಕಿಗೆ ಬರೆದುಬಿಡು ಅಂತ. ಬರೆದಾಯಿತು ಅನ್ನುವ ಉತ್ತರ ಬರುವವರೆಗೆ ಕ್ಲೈಂಟ್ ತನ್ನ ಹತ್ತಿರದ ಪ್ರತಿಯನ್ನು ಬಿಸಾಡುವುದಿಲ್ಲ. ಬರೆಯುವ ಮತ್ತು ಕಮಿಟ್ ಕೋರಿಕೆಗಳಿಗೆ ಕೊಡುವ ಉತ್ತರದ ಜೊತೆ ಸರ್ವರ್ ಒಂದು ಗುರುತು ಕಳಿಸುತ್ತದೆ, ಸರ್ವರ್ ರೀಬೂಟ್ ಆದರೆ ಆ ಗುರುತು ಬದಲಾಗುತ್ತದೆ. ಗುರುತು ಬದಲಾದದ್ದು ಕಂಡ ಕೂಡಲೇ ಕ್ಲೈಂಟ್‌ಗೆ ಗೊತ್ತಾಗುತ್ತದೆ, ನಡುವೆ ಸರ್ವರ್ ಬಿದ್ದು ಎದ್ದಿದೆ ಅಂತ. ಕಮಿಟ್ ಆಗದ ಡೇಟಾವನ್ನೆಲ್ಲ ಮತ್ತೆ ಕಳಿಸುತ್ತದೆ. ಮೂರನೇ ಆವೃತ್ತಿಯಿಂದ ಈ ವ್ಯವಸ್ಥೆ ಇದೆ. ಆದರೆ ಕ್ಲೈಂಟ್ ಮೆಷಿನ್ ಚಾಲೂ ಇರಬೇಕು. ಅದೂ ಆಫ್ ಆದರೆ ಕಳಿಸದೆ ಉಳಿದದ್ದು ಹೋದಂತೆಯೇ. ಇನ್ನೊಂದು, ಸರ್ವರ್ ಕಡೆ ಎಕ್ಸ್‌ಪೋರ್ಟ್‌ನಲ್ಲಿ (ಫೋಲ್ಡರ್ ಹಂಚುವ ಸೆಟ್ಟಿಂಗ್‌ನಲ್ಲಿ) ‘ಅಸಿಂಕ್’ ಹಾಕಬೇಡಿ. ಹಾಕಿದರೆ ಸರ್ವರ್ ಡಿಸ್ಕಿಗೆ ಬರೆಯುವ ಮೊದಲೇ ಬರೆದೆ ಅಂದುಬಿಡುತ್ತದೆ, ಕ್ಲೈಂಟ್ ಅದನ್ನು ನಂಬಿ ಪ್ರತಿಯನ್ನು ಬಿಟ್ಟುಬಿಡುತ್ತದೆ. ವೇಗ ಸಿಗುತ್ತದೆ ನಿಜ. ನಮ್ಮೂರ ಕರೆಂಟಿಗೆ ಆ ವೇಗ ಬೇಡ.

ಹೀಗೆ ಕಾಯುವುದಕ್ಕೆ ‘ಹಾರ್ಡ್’ ಮೌಂಟ್ ಅನ್ನುತ್ತಾರೆ (ಮೌಂಟ್ ಅಂದರೆ ಸರ್ವರ್‌ನ ಫೋಲ್ಡರ್ ಅನ್ನು ನಮ್ಮ ಮೆಷಿನ್‌ಗೆ ಜೋಡಿಸುವುದು). ಡಿಫಾಲ್ಟ್ ಅದೇ. ಬದಲಿಗೆ ‘ಸಾಫ್ಟ್’ ಹಾಕಿದರೆ ಕೆಲವು ಸಲ ಪ್ರಯತ್ನಿಸಿ ಪ್ರೋಗ್ರಾಮ್‌ಗೆ ಎರರ್ ಕೊಟ್ಟು ಕೈತೊಳೆದುಕೊಳ್ಳುತ್ತದೆ. ಎಲ್ಲ ಪ್ರೋಗ್ರಾಮ್‌ಗಳೂ ಆ ಎರರ್ ಅನ್ನು ಸರಿಯಾಗಿ ನೋಡುವುದಿಲ್ಲ, ಫೈಲ್ ಅರ್ಧಂಬರ್ಧ ಆಗಿ ಯಾರಿಗೂ ಗೊತ್ತಾಗದೇ ಉಳಿಯಬಹುದು. ಲಿನಕ್ಸ್ ಜೊತೆ ಬರುವ ಕೈಪಿಡಿ, ಮ್ಯಾನ್ ಪೇಜ್‌ನಲ್ಲೇ ಈ ಎಚ್ಚರಿಕೆ ಇದೆ. ಹ್ಯಾಂಗ್ ಆಗಬಾರದು ಅಂತ ಸಾಫ್ಟ್ ಹಾಕಿ ಎಂದು ಸಲಹೆ ಕೊಡುವವರು ಜಾಸ್ತಿ ಇದ್ದಾರೆ. ದಯವಿಟ್ಟು ಕೇಳಬೇಡಿ. ನಾಳೆ ಮದುವೆ ಮನೆಯವರು ಬಂದು ನಿಂತಾಗ ಪತ್ರಿಕೆಯ ಫೈಲ್ ತೆರೆಯದೇ ಹೋದರೆ ಉತ್ತರ ಕೊಡುವವರು ನೀವು.

ಹಾರ್ಡ್‌ಗೂ ಅದರದ್ದೇ ಕಿರಿಕಿರಿ ಇದೆ. ಸರ್ವರ್ ಇಲ್ಲದಾಗ ಆ ಫೋಲ್ಡರ್ ಮುಟ್ಟಿದ ಪ್ರತಿಯೊಂದೂ ನಿಲ್ಲುತ್ತದೆ. ಡಿಸ್ಕ್ ಜಾಗ ಎಷ್ಟಿದೆ ಅಂತ ನೋಡಲು ‘ಡಿಎಫ್’ ಕೊಟ್ಟರೂ ಸಾಕು, ಟರ್ಮಿನಲ್ ಕೂತುಬಿಡುತ್ತದೆ. ಶಟ್‌ಡೌನ್ ಕೂಡ ಎಳೆಯುತ್ತದೆ. ಸರ್ವರ್ ಬಂದ ಮೇಲೂ ಕೂಡಲೇ ಎಲ್ಲ ಸರಿಹೋಗುವುದಿಲ್ಲ. ನಾಲ್ಕನೇ ಆವೃತ್ತಿಯಲ್ಲಿ, ಮೊದಲು ಫೈಲ್ ಹಿಡಿದುಕೊಂಡಿದ್ದವರು ಮತ್ತೆ ಬಂದು ತಮ್ಮ ಲಾಕ್ ಕೇಳಿಕೊಳ್ಳಲಿ ಅಂತ ಲಿನಕ್ಸ್ ಸರ್ವರ್ 90 ಸೆಕೆಂಡ್‌ವರೆಗೆ ಬಿಡುವು ಕೊಡುತ್ತದೆ. ಅಷ್ಟು ಹೊತ್ತು ಹೊಸಬರು ಕಾಯಬೇಕು. ಕೌಂಟರಿನಲ್ಲಿ ಗಿರಾಕಿ ನಿಂತಿರುವಾಗ ಆ ಒಂದೂವರೆ ನಿಮಿಷ ಬಹಳ ಉದ್ದ, ಒಪ್ಪುತ್ತೇನೆ. ಆದರೂ ಅದು ನ್ಯಾಯವಾದ ಕಾಯುವಿಕೆ.

ಈಗ ಕಾನ್ಫಿಗರೇಶನ್ ವಿಷಯ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಸುಮ್ನೆ ಫೋಲ್ಡರ್ ಹಂಚಿಕೊಳ್ಳಲಿಕ್ಕೆ ಯಾರೂ ಕರ್ನಲ್ ಕಂಪೈಲ್ ಮಾಡಬೇಕಿಲ್ಲ, ಅಂದರೆ ಮೂಲ ಕೋಡ್‌ನಿಂದ ತಾವೇ ಕಟ್ಟಿಕೊಳ್ಳಬೇಕಿಲ್ಲ. ಡೆಬಿಯನ್ ಕೊಡುವ ಕರ್ನಲ್‌ನಲ್ಲಿ ಎನ್‌ಎಫ್‌ಎಸ್ ಕ್ಲೈಂಟ್ ಮಾಡ್ಯೂಲ್ ಆಗಿ (ಬೇಕಾದಾಗ ಸೇರಿಕೊಳ್ಳುವ ಬಿಡಿಭಾಗವಾಗಿ) ಇದ್ದೇ ಇದೆ. ಎನ್‌ಎಫ್‌ಎಸ್-ಕಾಮನ್ ಪ್ಯಾಕೇಜ್ ಹಾಕಿದರೆ ಮುಗಿಯಿತು. ಆ ಪ್ಯಾಕೇಜ್ ಮರೆತರೆ ಮೌಂಟ್ ಮಾಡುವಾಗ ಸಹಾಯಕ ಪ್ರೋಗ್ರಾಮ್ ಬೇಕಾಗಬಹುದು ಅನ್ನುವ ಎರರ್ ಬರುತ್ತದೆ, ಅದನ್ನು ಕಂಡು ಕರ್ನಲ್‌ದೇ ತಪ್ಪು ಅಂದುಕೊಳ್ಳಬೇಡಿ. ‘ನೋ ಸಚ್ ಡಿವೈಸ್’ ಅಂತ ಬಂದರೆ ಮಾತ್ರ ಕರ್ನಲ್‌ನಲ್ಲಿ ಎನ್‌ಎಫ್‌ಎಸ್ ಇದೆಯಾ ಅಂತ ಹುಡುಕಬೇಕು. ‘ಪ್ರೋಟೋಕಾಲ್ ನಾಟ್ ಸಪೋರ್ಟೆಡ್’ ಅಂದರೆ ಹೆಚ್ಚಾಗಿ ಆವೃತ್ತಿಯ ಗಲಾಟೆ.

ನಾನು ಕಂಪೈಲ್ ಮಾಡುವುದು ಆ ಡಿಸ್ಕ್ ಇಲ್ಲದ ಮೆಷಿನ್‌ಗಳಿಗಾಗಿ. ಇನಿಟ್‌ರಾಮ್‌ಎಫ್‌ಎಸ್ (ಬೂಟ್ ಶುರುವಿನಲ್ಲೇ ಮೆಮೊರಿಗೆ ಬರುವ ಪುಟ್ಟ ಫೈಲ್ ಕಟ್ಟು) ಇಟ್ಟುಕೊಂಡರೆ ಡೆಬಿಯನ್ ಕರ್ನಲ್‌ನಲ್ಲೇ ಅದನ್ನೂ ಮಾಡಬಹುದು. ನನಗೆ ಒಂದೇ ಫೈಲ್‌ನಲ್ಲಿ ಎಲ್ಲ ಇರುವ ಕರ್ನಲ್ ಇಷ್ಟ. ಮೆನುಕಾನ್ಫಿಗ್ (ಕರ್ನಲ್‌ನಲ್ಲಿ ಏನೇನು ಇರಬೇಕು ಅಂತ ಆರಿಸುವ ಮೆನು) ತೆರೆದು ಫೈಲ್ ಸಿಸ್ಟಮ್ಸ್, ಅದರೊಳಗೆ ನೆಟ್‌ವರ್ಕ್ ಫೈಲ್ ಸಿಸ್ಟಮ್ಸ್, ಅದರೊಳಗೆ ಎನ್‌ಎಫ್‌ಎಸ್ ಕ್ಲೈಂಟ್ ಸಪೋರ್ಟ್. ಇಲ್ಲಿ ‘ಎಂ’ ಒತ್ತಿದರೆ ಮಾಡ್ಯೂಲ್, ‘ವೈ’ ಒತ್ತಿದರೆ ಕರ್ನಲ್ ಒಳಗೇ. ಇನಿಟ್‌ರಾಮ್‌ಎಫ್‌ಎಸ್ ಇಲ್ಲದೆ ನೆಟ್‌ವರ್ಕ್‌ನಿಂದ ಬೂಟ್ ಆಗಬೇಕಾದರೆ ‘ವೈ’ಯೇ ಬೇಕು. ಮಾಡ್ಯೂಲ್ ಫೈಲ್ ಇರುವುದೇ ಎನ್‌ಎಫ್‌ಎಸ್ ಮೇಲೆ, ಎನ್‌ಎಫ್‌ಎಸ್ ತೆರೆಯಲು ಆ ಮಾಡ್ಯೂಲ್ ಬೇಕು ಅಂದರೆ ಬೀಗದ ಕೈ ಬೀರುವಿನ ಒಳಗಿಟ್ಟು ಬೀಗ ಹಾಕಿದಂತೆ.

ಬಹಳ ಜನ ಇಲ್ಲೇ ಸುಸ್ತಾಗುತ್ತಾರೆ: ಇಡೀ ಸಿಸ್ಟಮ್ ಅನ್ನೇ ಸರ್ವರ್‌ನಿಂದ ತೆರೆಯುವ ‘ರೂಟ್ ಫೈಲ್ ಸಿಸ್ಟಮ್ ಆನ್ ಎನ್‌ಎಫ್‌ಎಸ್’ ಅನ್ನುವ ಆಯ್ಕೆ ಮೆನುವಿನಲ್ಲಿ ಕಾಣುವುದೇ ಇಲ್ಲ. ಕರ್ನಲ್ ತಾನೇ ಐಪಿ ವಿಳಾಸ ಪಡೆಯುವ ಆಯ್ಕೆ, ಅಂದರೆ ಐಪಿ ಕರ್ನಲ್ ಲೆವೆಲ್ ಆಟೋಕಾನ್ಫಿಗರೇಶನ್, ನೆಟ್‌ವರ್ಕಿಂಗ್ ಮೆನುವಿನಲ್ಲಿ ಬೇರೆ ಕಡೆ ಇದೆ. ಅದನ್ನು ಆನ್ ಮಾಡಬೇಕು, ಎನ್‌ಎಫ್‌ಎಸ್ ‘ವೈ’ ಆಗಿರಬೇಕು. ಆಮೇಲಷ್ಟೇ ಈ ಸಾಲು ಮೆನುವಿಗೆ ಬರುತ್ತದೆ. ಜೊತೆಗೆ ಆ ಐಪಿ ಆಯ್ಕೆಯ ಕೆಳಗೆ ಡಿಎಚ್‌ಸಿಪಿಯನ್ನೂ (ನೆಟ್‌ವರ್ಕ್‌ನಿಂದ ವಿಳಾಸ ತಾನಾಗಿ ಸಿಗುವ ವ್ಯವಸ್ಥೆ) ಆನ್ ಮಾಡಿ, ನೆಟ್‌ವರ್ಕ್ ಕಾರ್ಡಿನ ಡ್ರೈವರ್ ಕೂಡ ‘ವೈ’ ಆಗಿರಬೇಕು. ನಮ್ಮಲ್ಲಿರುವುದು ರಿಯಲ್‌ಟೆಕ್ ಕಾರ್ಡು, ಡ್ರೈವರ್ ಹೆಸರು ಆರ್8169. ಬೂಟ್ ಸಾಲಿನಲ್ಲಿ ಎನ್‌ಎಫ್‌ಎಸ್‌ರೂಟ್ (ಸಿಸ್ಟಮ್ ಇರುವ ಸರ್ವರ್ ಫೋಲ್ಡರ್ ಯಾವುದು ಅಂತ ತಿಳಿಸುವ ಭಾಗ) ಬರೆಯುವಾಗ ಆವೃತ್ತಿಯನ್ನೂ ಬಿಡಿಸಿ ಬರೆಯಿರಿ, ಡಿಫಾಲ್ಟ್ ನಂಬಿ ಕೂರುವುದು ಬೇಡ.

ಆವೃತ್ತಿಗಳಲ್ಲಿ ಎರಡನೆಯದು ಬೇಡವೇ ಬೇಡ. ಮೂರನೆಯದನ್ನು ನಾನು ಇಟ್ಟುಕೊಂಡಿದ್ದೇನೆ, ಕೆಲವು ಹಳೆಯ ನ್ಯಾಸ್ ಡಬ್ಬಿಗಳಿಗೆ (ನೆಟ್‌ವರ್ಕ್‌ಗೆ ಹಾಕುವ ಡಿಸ್ಕ್ ಪೆಟ್ಟಿಗೆ) ಅದಷ್ಟೇ ಬರುತ್ತದೆ. ದಿನದ ಕೆಲಸಕ್ಕೆ 4.2. ನಾಲ್ಕನೇ ಆವೃತ್ತಿಗೆ 2049 ಅನ್ನುವ ಒಂದೇ ಪೋರ್ಟ್ (ನೆಟ್‌ವರ್ಕ್ ಬಾಗಿಲಿನ ನಂಬರ್) ಸಾಕು, ಫೈರ್‌ವಾಲ್ ಕೆಲಸ ಹಗುರ. ಯುಡಿಪಿ (ತಲುಪಿತಾ ಅಂತ ನೋಡದೆ ಡೇಟಾ ಕಳಿಸುವ ವಿಧಾನ) ಹೊಸ ಕರ್ನಲ್‌ಗಳಲ್ಲಿ ಡಿಫಾಲ್ಟ್ ಆಗಿ ಆಫ್ ಇದೆ, ಹಾಗೇ ಇರಲಿ.

‘ಲೋಕಲ್‌ಮಾಡ್‌ಕಾನ್ಫಿಗ್’ ಬಗ್ಗೆ ಜಾಗ್ರತೆ. ಈಗ ಯಾವ ಮಾಡ್ಯೂಲ್‌ಗಳು ಲೋಡ್ ಆಗಿವೆಯೋ ಅವನ್ನಷ್ಟೇ ಉಳಿಸಿ ಮಿಕ್ಕ ಮಾಡ್ಯೂಲ್‌ಗಳನ್ನು ಕಿತ್ತುಹಾಕುವ ಆಜ್ಞೆ ಅದು. ಕಂಪೈಲ್ ಬೇಗ ಆಗುತ್ತೆ ಅಂತ ಎಲ್ಲರೂ ಬಳಸುತ್ತಾರೆ. ಆ ಹೊತ್ತಿಗೆ ಎನ್‌ಎಫ್‌ಎಸ್ ಲೋಡ್ ಆಗಿರದಿದ್ದರೆ ಅದೂ ಹೋಗುತ್ತದೆ. ಸಾಗರದಲ್ಲಿ ಸ್ಟುಡಿಯೋ ಇಟ್ಟಿರುವ ಗೆಳೆಯರೊಬ್ಬರು ಹೊಸ ಕರ್ನಲ್ ಹಾಕಿದ ಮೇಲೆ ಫೋಟೋ ಫೋಲ್ಡರ್ ಖಾಲಿ ಕಂಡು ಗಾಬರಿಯಾಗಿ ಫೋನ್ ಮಾಡಿದ್ದರು. ಫೋಟೋ ಎಲ್ಲ ಸರ್ವರ್‌ನಲ್ಲಿ ಕ್ಷೇಮವಾಗಿದ್ದವು. ಮೌಂಟ್ ಆಗಿರಲಿಲ್ಲ ಅಷ್ಟೇ. ಶೇರ್ ಮೌಂಟ್ ಮಾಡಿಟ್ಟುಕೊಂಡೇ ಆ ಆಜ್ಞೆ ಕೊಡಿ.

ದಿನನಿತ್ಯದಲ್ಲಿ ಹುಡುಗರಿಗೆ ಬೇಸರ ತರಿಸಿದ್ದು ಒಂದು ವಿಷಯ. ಒಬ್ಬ ಹೊಸ ಫೈಲ್ ಇಟ್ಟು "ಹಾಕಿದೀನಿ ನೋಡೋ" ಅಂದರೆ ಪಕ್ಕದವನ ಮೆಷಿನ್‌ನಲ್ಲಿ ಅದು ಕೆಲವೊಮ್ಮೆ ಕೂಡಲೇ ಕಾಣುವುದಿಲ್ಲ. ಫೋಲ್ಡರಿನ ವಿವರವನ್ನು ಕ್ಲೈಂಟ್ ಕನಿಷ್ಠ 30, ಹೆಚ್ಚೆಂದರೆ 60 ಸೆಕೆಂಡ್ ನೆನಪಿಟ್ಟುಕೊಳ್ಳುತ್ತದೆ, ಅದು ಡಿಫಾಲ್ಟ್. ‘ಎಸಿಡಿರ್‌ಮಿನ್’, ‘ಎಸಿಡಿರ್‌ಮ್ಯಾಕ್ಸ್’ ಎರಡನ್ನೂ ಇಳಿಸಿ ನಾನು ಇದನ್ನು ಸರಿಮಾಡಿಕೊಂಡೆ. ಸರ್ವರ್‌ಗೆ ಪ್ರಶ್ನೆಗಳು ಸ್ವಲ್ಪ ಜಾಸ್ತಿ ಹೋಗುತ್ತವೆ. ನಮ್ಮಷ್ಟು ಸಣ್ಣ ಜಾಗದಲ್ಲಿ ಅದು ಲೆಕ್ಕಕ್ಕಿಲ್ಲ. ಒಬ್ಬರು ಫೈಲ್ ಮುಚ್ಚಿದ ಮೇಲೆ ಇನ್ನೊಬ್ಬರು ತೆರೆದರೆ ಹೊಸದೇ ಸಿಗುತ್ತದೆ, ಅದರಲ್ಲಿ ಅನುಮಾನ ಬೇಡ. ಇಬ್ಬರೂ ಒಟ್ಟಿಗೆ ತೆರೆದು ಕೂರುವುದು ಮಾತ್ರ ಬೇಡ.

ಕನ್ನಡದಲ್ಲಿ ಫೈಲ್ ಹೆಸರು ಇಡುವವರಿಗೆ ಒಂದು ಮಾತು. ಹೆಸರುಗಳು ಚೆನ್ನಾಗಿ ಬರುತ್ತವೆ, ಒಂದಕ್ಷರ ಆಚೀಚೆ ಆಗುವುದಿಲ್ಲ. ಆದರೆ ಲಿನಕ್ಸ್‌ನಲ್ಲಿ ಫೈಲ್ ಹೆಸರಿನ ಮಿತಿ 255 ಬೈಟ್. ಅಕ್ಷರಗಳನ್ನು ಕಂಪ್ಯೂಟರ್ ಉಳಿಸುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್ ಬೇಕು, ಗುಣಿತದ ಚಿಹ್ನೆ, ಒತ್ತಿಗೆ ಬೇಕಾದ ವಿರಾಮ (ಹಲಂತದ ಚಿಹ್ನೆ) ಎಲ್ಲ ಬೇರೆ ಬೇರೆ ಲೆಕ್ಕ. ‘ಶಿವಮೊಗ್ಗ’ ಅಂತ ಬರೆದರೆ ಅಷ್ಟಕ್ಕೇ 24 ಬೈಟ್. ವಧುವರರ ಹೆಸರು, ಊರು, ಛತ್ರ, ತಾರೀಖು ಎಲ್ಲ ಸೇರಿಸಿ ಹೆಸರಿಟ್ಟರೆ ‘ಫೈಲ್ ನೇಮ್ ಟೂ ಲಾಂಗ್’ ಅನ್ನುತ್ತದೆ. ಇದು ಎನ್‌ಎಫ್‌ಎಸ್ ದೋಷವಲ್ಲ, ಸ್ವಂತ ಡಿಸ್ಕಿನಲ್ಲೂ ಇದೇ ಕಥೆ. ನಾವು ಈಗ ಊರು ಮತ್ತು ಮನೆಹೆಸರು ಇಷ್ಟೇ ಇಡುತ್ತೇವೆ.

ಭದ್ರತೆಯ ವಿಷಯ ಸ್ವಲ್ಪ ತೆಳು. ಮಾಮೂಲಿ ವ್ಯವಸ್ಥೆಯಲ್ಲಿ ಕ್ಲೈಂಟ್ ಹೇಳಿದ ಬಳಕೆದಾರನ ನಂಬರನ್ನೇ ಸರ್ವರ್ ನಂಬುತ್ತದೆ. ಹಾಗಾಗಿ ಎಲ್ಲ ಮೆಷಿನ್‌ಗಳಲ್ಲೂ ಒಬ್ಬರಿಗೆ ಒಂದೇ ನಂಬರ್ ಇರಲಿ, ಗಿರಾಕಿಗಳಿಗೆ ಕೊಡುವ ವೈಫೈ ಈ ನೆಟ್‌ವರ್ಕ್‌ಗೆ ಸೇರದಿರಲಿ. ಇದಕ್ಕಿಂತ ಬಿಗಿ ಬೇಕಾದವರಿಗೆ ಬಳಕೆದಾರರ ಗುರುತು ಖಚಿತಪಡಿಸುವ ಕರ್ಬರೋಸ್ ಇದೆ, ನಮ್ಮ ಅಂಗಡಿಗೆ ಅಷ್ಟು ಬೇಕಾಗಿಲ್ಲ. ಲೆಕ್ಕಪತ್ರದ ವಿಂಡೋಸ್ ಮೆಷಿನ್‌ಗೆ ಅದೇ ಸರ್ವರ್‌ನಿಂದ ಸಾಂಬಾ (ವಿಂಡೋಸ್‌ಗೆ ಫೋಲ್ಡರ್ ಹಂಚುವ ಪ್ರೋಗ್ರಾಮ್) ಮೂಲಕ ಕೊಟ್ಟಿದ್ದೇನೆ.

ಯಾರಿಗೆ ಹೇಳಬಹುದು? ಕೇಬಲ್ ಎಳೆದ ನೆಟ್‌ವರ್ಕ್, ನಾಲ್ಕಾರು ಲಿನಕ್ಸ್ ಮೆಷಿನ್, ಪದೇ ಪದೇ ಹೋಗುವ ಕರೆಂಟ್ ಇರುವ ಎಲ್ಲರಿಗೂ ಧೈರ್ಯವಾಗಿ ಹೇಳುತ್ತೇನೆ. ಕಳೆದ ಮುಂಗಾರಿಗೆ ಮುಂಚಿನ ಗುಡುಗು ಮಳೆಯಲ್ಲಿ ಸಿಡಿಲಿಗೆ ಸ್ವಿಚ್‌ನ ಒಂದು ಪೋರ್ಟ್ ಸುಟ್ಟಿತ್ತು. ಕೇಬಲ್ ಕಿತ್ತು ಪಕ್ಕದ ಪೋರ್ಟಿಗೆ ಹಾಕಿದೆ, ಆ ಮೆಷಿನ್ ಏನೂ ಕೇಳದೆ ಮುಂದುವರಿಯಿತು. ವೈಫೈ ಮೇಲೆ ಲ್ಯಾಪ್‌ಟಾಪ್ ಹಿಡಿದು ಓಡಾಡುವವರಿಗೆ ಮಾತ್ರ ಬೇಡ ಅನ್ನುತ್ತೇನೆ, ನೆಟ್‌ವರ್ಕ್ ಬಿಟ್ಟು ಹೋದಾಗಲೆಲ್ಲ ಕಾಯುತ್ತಾ ಕೂರಬೇಕಾಗುತ್ತದೆ. ಹಾಕಲೇಬೇಕು ಅಂದರೆ ಎಫ್‌ಎಸ್‌ಟ್ಯಾಬ್‌ನಲ್ಲಿ (ಮೌಂಟ್‌ಗಳ ಪಟ್ಟಿ ಇರುವ ಫೈಲ್) ಮುಟ್ಟಿದಾಗಷ್ಟೇ ಜೋಡಿಸುವ ಆಟೋಮೌಂಟ್ ಆಯ್ಕೆ ಕೊಡಿ, ಕನಿಷ್ಠ ಬೂಟ್ ಆದರೂ ಸಲೀಸಾಗಿ ಆಗುತ್ತದೆ. ಕಂಪೈಲ್ ಮಾಡುವವರು ಹೊಸ ಕರ್ನಲ್ ಹಾಕುವಾಗ ಹಳೆಯ ಕಾನ್ಫಿಗ್ ಫೈಲ್ ಮೇಲೆ ‘ಓಲ್ಡ್‌ಕಾನ್ಫಿಗ್’ (ಹಳೆಯ ಆಯ್ಕೆಗಳನ್ನು ಉಳಿಸಿ ಹೊಸವನ್ನಷ್ಟೇ ಕೇಳುವ ಆಜ್ಞೆ) ಓಡಿಸಿ, ಎನ್‌ಎಫ್‌ಎಸ್ ಸಾಲುಗಳನ್ನು ಒಮ್ಮೆ ಗ್ರೆಪ್ ಮಾಡಿ (ಹುಡುಕಿ) ನೋಡಿ, ಹಳೆಯ ಕರ್ನಲ್ ಅನ್ನು ಬೂಟ್ ಮೆನುವಿನಿಂದ ತೆಗೆಯದೇ ಇಟ್ಟುಕೊಳ್ಳಿ. ಮಳೆ ಶುರುವಾಗುವ ಮೊದಲೇ ಈ ಕೆಲಸ ಮುಗಿಸುವುದು ಒಳ್ಳೆಯದು.